ಮಧ್ಯೆ ಬಾಯಿ ಹಾಕಬಾರದು

“ಹೌದಾ?” ಎಂದರು ಮೇಷ್ಟ್ರು, ಕನ್ನಡಿಗೆ.

ಸರಿ ಬರಲಿಲ್ಲ. ಪೊಲೀಸಿನವನು ಕಳ್ಳನನ್ನು ಕೇಳಿದ ಹಾಗಿತ್ತು. ಹುಬ್ಬು ಇಳಿಸಿ, ತಲೆ ಎಡಕ್ಕೆ ವಾಲಿಸಿ ಮತ್ತೆ ಅಂದರು: “ಹೌದಾ...” ಈ ಸಲ ಕರುಣೆ ಇತ್ತು. ಕೊಂಚ ಹೆಚ್ಚೇ ಇತ್ತು.

“ಯಾರ ಹತ್ರ ಮಾತಾಡ್ತಿದೀರಿ?” ಬಾಗಿಲಲ್ಲಿ ಹೆಂಡತಿ.

“ಮಾತಾಡ್ತಿಲ್ಲ. ಕೇಳಿಸಿಕೊಳ್ತಾ ಇದೀನಿ.”

ಒಂದು ಕಾಲದಲ್ಲಿ ಇಂಥದಕ್ಕೆ ಅವಳು ಬಿದ್ದು ಬಿದ್ದು ನಗುತ್ತಿದ್ದಳು. ಈಗ ನಗಲಿಲ್ಲ.

“ಸಂಜೆ ಆರಕ್ಕೆ ಅಕ್ಕ ಕಾರು ತರ್ತಾಳೆ. ಹತ್ತಿದ್ರೆ ನಾನು ವಾಪಸ್ ಬರಲ್ಲ. ಅದಕ್ಕೆ ಮುಂಚೆ ನಿಮಗೊಂದು ಮಾತು ಹೇಳ್ಬೇಕು. ಪೂರ್ತಿ ಕೇಳಿಸಿಕೊಂಡ್ರೆ, ಹೋಗೋದೋ ಬೇಡವೋ ಆಮೇಲೆ ನೋಡ್ತೀನಿ.”

“ಅದಕ್ಕೇನಂತೆ, ಈಗ್ಲೇ ಹೇಳು.”

“ಈಗ ಶೂ ಹಾಕ್ತಿದೀರಿ.”

ನಿಜ. ಒಂದು ಪಾದ ಆಗಲೇ ಒಳಗಿತ್ತು.

“ಸೇವೆ ಇದೆ ನೋಡು. ಐದಕ್ಕೆಲ್ಲ ಬಂದುಬಿಡ್ತೀನಿ. ಸಮಾಧಾನವಾಗಿ ಕೂತು ಕೇಳ್ತೀನಿ. ನನಗೀಗ ಅದರಲ್ಲಿ ತರಬೇತಿ ಆಗಿದೆ.”

“ಗೊತ್ತು,” ಅಂದಳು. ಆ ‘ಗೊತ್ತು’ ಮೇಷ್ಟ್ರ ಕಿವಿಗೆ ಬಿತ್ತು. ಅಲ್ಲಿಂದ ಕೆಳಗೆ ಇಳಿಯಲಿಲ್ಲ.

ಮೇಷ್ಟ್ರು ಕಾಲೇಜಿನಲ್ಲಿ ತರ್ಕಶಾಸ್ತ್ರ ಹೇಳುವವರು. ಎದುರಿಗಿದ್ದವರು ಒಂದು ವಾಕ್ಯ ಶುರು ಮಾಡಿದರೆ ಇವರು ಮುಗಿಸುತ್ತಿದ್ದರು. ಮುಗಿಸಿ, ಅದು ಹೇಗೆ ತಪ್ಪು ಅಂತಲೂ ತೋರಿಸುತ್ತಿದ್ದರು. ಹಾಗಾಗಿ ಚರ್ಚಿನಲ್ಲಿ ಪಾಸ್ಟರು ‘ಕಿವಿಗೊಡುವ ಸೇವೆ’ಗೆ ಜನ ಬೇಕು ಎಂದಾಗ ಇವರೇ ಮೊದಲು ಕೈ ಎತ್ತಿದ್ದನ್ನು ನೋಡಿ ಹಿಂದಿನ ಬೆಂಚಿನಲ್ಲಿ ಯಾರೋ ಕೆಮ್ಮಿದರು.

“ಗುಂಪು ಹಿಂದಿನಿಂದ ನೂಕ್ತಾ ಇದ್ರೂ ಯೇಸುಸ್ವಾಮಿ ದಾರೀಲಿ ನಿಂತುಬಿಟ್ರು,” ಎಂದಿದ್ದರು ಪಾಸ್ಟರು. “ಕೂಗಿದ ಕುರುಡನಿಗೆ ಏನು ಬೇಕು ಅಂತ ಅವರಿಗೆ ಗೊತ್ತಿರಲಿಲ್ವಾ? ಗೊತ್ತಿತ್ತು. ಆದ್ರೂ ಕೇಳಿದ್ರು. ಅವನ ಬಾಯಿಂದಲೇ ಬರಲಿ ಅಂತ ಕಾದ್ರು. ಪ್ರೀತಿ ಅಂದ್ರೆ ಆ ಕಾಯೋದು. ಮಧ್ಯೆ ಬಾಯಿ ಹಾಕಬೇಡಿ. ಬುದ್ಧಿ ಹೇಳಬೇಡಿ.”

ಮೇಷ್ಟ್ರ ಕಣ್ಣು ಒದ್ದೆಯಾಗಿತ್ತು. ಯಾಕೆಂದು ತರ್ಕಕ್ಕೆ ಸಿಕ್ಕಿರಲಿಲ್ಲ.

ಅವರ ಪಾಲಿಗೆ ಬಂದವನು ನಿವೃತ್ತ ರೈಲ್ವೆ ಗಾರ್ಡು. ಇಸ್ತ್ರಿ ಅಂಗಡಿಯ ಮೇಲಿನ ಒಂಟಿ ಕೋಣೆ, ಕಬ್ಬಿಣದ ಮಂಚ, ಎದುರುಬದುರು ಎರಡು ಕುರ್ಚಿ. ಶನಿವಾರ ಶನಿವಾರ ಮೇಷ್ಟ್ರು ಹೋಗಿ ಕೂರುವುದು, ಗಾರ್ಡು ಬಾಯಿ ಬಿಡಲೆಂದು ಕಾಯುವುದು. ಗಾರ್ಡು ಮಾತ್ರ ಬಾಯಿ ಬಿಡುವವನಲ್ಲ. ನಗುವುದು, ತಲೆ ಆಡಿಸುವುದು, ಅಷ್ಟೇ. ಹೋದ ವಾರ ಅವನು ಸೀನಿದಾಗ ಮೇಷ್ಟ್ರು ಆಸೆಯಿಂದ “ಹೌದಾ?” ಅಂದಿದ್ದರು.

ಇವತ್ತೂ ಅದೇ. ಕೆಳಗಿನಿಂದ ಸುಟ್ಟ ಬಟ್ಟೆಯ ವಾಸನೆ ಬಂತು. ಇಬ್ಬರೂ ಅದಕ್ಕೆ ತಲೆ ಆಡಿಸಿದರು.

ಕೊನೆಗೆ ಗಾರ್ಡೇ ಸೋತ. “ಬೇಜಾರು ಮಾಡ್ಕೋಬೇಡಿ ಮೇಷ್ಟ್ರೇ. ಇನ್ನೂ ಎಷ್ಟು ವಾರ ಹೀಗೆ ಸುಮ್ನೆ ಕೂರ್ತೀರಿ? ಮನಸ್ಸಲ್ಲಿರೋದು ಹೇಳಿಬಿಡಿ.”

“ನಾನಾ? ನಾನು ಹೇಳೋಕೆ ಬಂದಿಲ್ಲ. ಕೇಳೋಕೆ ಬರ್ತಿರೋದು.”

“ಎಲ್ಲಾದ್ರೂ ಉಂಟಾ! ಕೇಳೋನು ನಾನು. ಪಾಸ್ಟರು ನನಗೆ ಹೇಳಿ ಕಳಿಸಿದಾರೆ.”

“ಏನಂತ?”

“ಮೇಷ್ಟ್ರು ತುಂಬ ಒಂಟಿ. ಮನೇಲಿ ಹೆಂಡತಿ ಇದ್ದೂ ಒಂಟಿ. ಬಂದ್ರೆ ಬಾಗಿಲು ತೆಗೀರಿ, ಮಾತಾಡೋವರೆಗೂ ಕಾಯ್ರಿ ಅಂತ.”

“ಹೆಂಡತಿ ಇದ್ದೂ ಅಂದ್ರಾ?”

“ಅಂದ್ರು.”

ಹಾಗಾದರೆ ಅವಳು ಪಾಸ್ಟರ ಹತ್ತಿರ ಹೋಗಿದ್ದಳು. ಮೇಷ್ಟ್ರಿಗೆ ಮೈ ಉರಿಯಿತು. ಮರುಕ್ಷಣ ನಗು ಬಂತು. ಗಾರ್ಡೂ ನಕ್ಕ. ಇಬ್ಬರು ಕಿವುಡರ ಹಾಗೆ ಇಷ್ಟು ದಿನ ಎದುರುಬದುರು ಕೂತದ್ದಕ್ಕೆ ಹೊಟ್ಟೆ ಹಿಡಿದುಕೊಂಡು ನಕ್ಕರು.

“ಇವತ್ತು ಸಂಜೆ ಆರಕ್ಕೆ ಅವಳು ಹೊರಟುಹೋಗ್ತಾಳೆ,” ಅಂದರು ಮೇಷ್ಟ್ರು, ನಗುವಿನ ಬಾಲದಲ್ಲೇ.

ಗಾರ್ಡು ನಗು ನಿಲ್ಲಿಸಿದ. ಕುರ್ಚಿಯನ್ನು ಸ್ವಲ್ಪ ಹತ್ತಿರಕ್ಕೆ ಎಳೆದುಕೊಂಡ. ಏನೂ ಅನ್ನಲಿಲ್ಲ.

ಏನೂ ಅನ್ನದೇ ಇದ್ದದ್ದೇ ಮೋಸವಾಯಿತು. ಮೇಷ್ಟ್ರು ಇನ್ನೊಂದು ವಾಕ್ಯ ಹೇಳಿದರು. ಅದು ಪೂರ್ತಿಯಾಯಿತು. ಮತ್ತೊಂದು ಹೇಳಿದರು. ಅದೂ ಯಾರಿಗೂ ಡಿಕ್ಕಿ ಹೊಡೆಯದೆ ಕೊನೆ ಮುಟ್ಟಿತು. ಬಿಸಿಲಿನಲ್ಲಿ ನಡೆದು ಬಂದವನು ನೀರು ಕುಡಿದ ಹಾಗೆ ಗಟಗಟ ಮಾತಾಡಿದರು. ಮದುವೆಯ ಮೊದಲ ಮನೆ, ಸೋರುತ್ತಿದ್ದ ನಲ್ಲಿ, ತಮ್ಮ ಅಪ್ಪ, ಅಪ್ಪನ ಊಟದ ಮೇಜಿನಲ್ಲಿ ಮಕ್ಕಳು ಉಸಿರೆತ್ತದೆ ಕೂತದ್ದು, ಎಲ್ಲ ಬಂತು.

“ಅವಳು ಬಾಯಿ ತೆಗೆದ್ರೆ ನನಗೆ ಭಯ ಕಣ್ರೀ,” ಅಂದರು. ಅದು ತಮಗೇ ಹೊಸ ಸುದ್ದಿ. “ಏನು ಹೇಳಿಬಿಡ್ತಾಳೋ ಅಂತ. ಅದಕ್ಕೇ ನಾನೇ ಮೊದಲು ಶುರು ಮಾಡ್ತೀನಿ.”

ಗಾರ್ಡು ರೆಪ್ಪೆ ಹೊಡೆಯದೆ ಕೇಳಿದ. ಅವನ ಕಣ್ಣಲ್ಲೂ ನೀರಿತ್ತು, ನಾಟಕವಲ್ಲ. ಈ ಭೂಮಿಯ ಮೇಲೆ ತಾನು ಕೊನೆಗೂ ಒಬ್ಬ ಮನುಷ್ಯನಿಗೆ ಕೇಳಿಸುತ್ತಿದ್ದೇನೆ ಅನ್ನಿಸಿ ಮೇಷ್ಟ್ರ ಎದೆ ಹಗುರಾಯಿತು. ಇನ್ನೂ ಸ್ವಲ್ಪ ಹೇಳಿದರು.

ಮುಗಿದಾಗ ಕೋಣೆ ಮಬ್ಬಾಗಿತ್ತು. ಗಾರ್ಡು ಮೆಲ್ಲಗೆ ಗಂಟಲು ಸರಿಮಾಡಿಕೊಂಡ.

“ಆರಕ್ಕೆ ಕಾರು ಅಂದ್ರಲ್ಲ ಮೇಷ್ಟ್ರೇ.”

“ಹೂಂ.”

“ಆರು ಹೊಡೆದು ಹೊತ್ತಾಯ್ತು.”

“ಗೊತ್ತಿದ್ದೂ ಸುಮ್ನಿದ್ರಾ?”

“ಮಧ್ಯೆ ಬಾಯಿ ಹಾಕಬಾರದು ಅಂತ ಪಾಸ್ಟರು ಹೇಳಿದ್ರಲ್ಲ!”

ಮೇಷ್ಟ್ರು ಬೈಯಲು ಬಾಯಿ ತೆರೆದರು. ಗಾರ್ಡು ಕೂಡಲೇ ಮುಂದಕ್ಕೆ ಬಾಗಿ, ತಲೆ ವಾಲಿಸಿ, ಅದನ್ನೂ ಕೇಳಿಸಿಕೊಳ್ಳಲು ಸಿದ್ಧನಾಗಿ ಕೂತ.

ಮೇಷ್ಟ್ರು ಮೆಟ್ಟಿಲು ಹಾರಿಕೊಂಡು ಇಳಿದರು. ಓಡಿ ಎಷ್ಟು ವರ್ಷವಾಗಿತ್ತೋ. ರಸ್ತೆಯಲ್ಲಿ ಪರಿಚಯದವನೊಬ್ಬ “ಏನ್ ಮೇಷ್ಟ್ರೇ, ನಾಯಿ ಅಟ್ಟಿಸ್ಕೊಂಡ್ ಬಂತಾ?” ಅಂದ. ಉತ್ತರ ಕೊಡದೆ ಓಡಿದರು. ಈಗ ಮಾತ್ರ ಕೇಳುತ್ತೇನೆ, ಏನು ಹೇಳಿದರೂ ಕೇಳುತ್ತೇನೆ, ಕೊನೆಯತನಕ ಕೇಳುತ್ತೇನೆ ಎಂದು ಉಸಿರು ಉಸಿರಿಗೂ ಅಂದುಕೊಂಡರು.

ಕಾರು ಇನ್ನೂ ಗೇಟಿನ ಮುಂದೆ ನಿಂತಿತ್ತು. ಹೆಂಡತಿಯ ಹೊಲಿಗೆ ಯಂತ್ರ ಡಿಕ್ಕಿಯಲ್ಲಿ ಹಿಡಿಯದೆ ಹೊತ್ತಾಗಿರಬೇಕು. ಅರ್ಧ ಹೊರಗಿದ್ದ ಅದನ್ನು ಹಗ್ಗದಲ್ಲಿ ಬಿಗಿದಿತ್ತು. ಎಂಜಿನ್ನು ಚಾಲೂ ಆಗಿತ್ತು. ಮುಂದೆ ಅವಳ ಅಕ್ಕ ನೆಟ್ಟಗೆ ರಸ್ತೆ ನೋಡುತ್ತಾ ಕೂತಿದ್ದಳು. ಹಿಂದಿನ ಸೀಟಿನಲ್ಲಿ, ಮಡಿಲಲ್ಲಿ ಚೀಲ ಇಟ್ಟುಕೊಂಡು, ಅವಳು. ಗಾಜು ಏರಿಸಿತ್ತು.

ಮೇಷ್ಟ್ರು ಬಗ್ಗಿ ಗಾಜು ತಟ್ಟಿದರು. ಅವಳು ತಿರುಗಿದಳು. ಇವರನ್ನೇ ನೋಡುತ್ತಾ ಮಾತಾಡತೊಡಗಿದಳು.

ಅವಸರವಿರಲಿಲ್ಲ, ಸಿಟ್ಟೂ ಇರಲಿಲ್ಲ. ಬಹಳ ದಿನದಿಂದ ಜೋಡಿಸಿಟ್ಟುಕೊಂಡ ಮಾತು ಇರಬೇಕು. ತುಟಿ ಒಂದೇ ಸಮ ಆಡುತ್ತಿತ್ತು. ಒಂದು ಚೂರೂ ಕೇಳಿಸುತ್ತಿರಲಿಲ್ಲ. ಗಾಜು ಇಳಿಸು ಅನ್ನಬೇಕು. ಅಂದರೆ ಮಾತು ತುಂಡಾಗುತ್ತದೆ. ಮೇಷ್ಟ್ರು ಅನ್ನಲಿಲ್ಲ.

ಅವಳ ಉಸಿರು ಗಾಜಿನ ಒಳಗೆ ಮಂಜು ಕಟ್ಟಿತು. ಮೊದಲು ಬಾಯಿ ಮಾಸಿತು, ಆಮೇಲೆ ಗಲ್ಲ. ಮೇಷ್ಟ್ರು ಇನ್ನಷ್ಟು ಬಗ್ಗಿ ಕಿವಿಯನ್ನು ಗಾಜಿಗೆ ಒತ್ತಿದರು. ತಣ್ಣಗಿತ್ತು. ಎಂಜಿನ್ನಿನ ಸದ್ದು ಬಹಳ ಸ್ಪಷ್ಟವಾಗಿ ಕೇಳಿಸಿತು.