ಓದುವ ನಿಮಿತ್ತ ಮಾತ್ರ

ನನ್ನ ಹೆಸರು ಮೂಕಮ್ಮ. ದೇವರ ಹೆಸರು ಅಂತ ಅಪ್ಪ ಇಟ್ಟದ್ದು. ಆ ಹೆಸರಿಗೂ ನನ್ನ ಬಾಯಿಗೂ ಏನೇನೂ ಸಂಬಂಧವಿಲ್ಲ. ಮೂವತ್ತು ವರ್ಷ ಶಾಲೆ ಮಕ್ಕಳ ಮುಂದೆ ಸವೆದ ಬಾಯಿ ಇದು, ಉಳಿದಷ್ಟರಲ್ಲಿ ಕೊಟ್ಟೂರಪ್ಪನ ಕತೆ ಹೇಳಿ ಮುಗಿಸುತ್ತೇನೆ. ಅವನು ನನಗಿಂತ ಇಪ್ಪತ್ತು ವರ್ಷಕ್ಕೂ ಹೆಚ್ಚು ದೊಡ್ಡವನು, 'ಅವರು' ಅನ್ನಬೇಕು. ಅನ್ನುವುದಿಲ್ಲ.

ನಲವತ್ತೇಳನೇ ಇಸವಿಯ ಜೂನ್‌ನಲ್ಲಿ ನಾನು ತುಂಗಭದ್ರೆ ದಾಟಿ ಸಿರುಗುಪ್ಪಕ್ಕೆ ಬಂದಾಗ ಹರಗೋಲಿನವನು ಕೇಳಿದ್ದು ಒಂದೇ ಮಾತು, ಈಜು ಬರುತ್ತದೋ ಇಲ್ಲವೋ ಅಂತ. ಅಲ್ಲಿಂದ ಬಳ್ಳಾರಿಗೆ ಹೋಗಿ ಟೀಚರ್ ಟ್ರೈನಿಂಗ್ ಶಾಲೆ ಸೇರಿದೆ. ಎರಡು ವರ್ಷದ ಓದು, ಮುಗಿದರೆ ಸರ್ಟಿಫಿಕೇಟು, ಸರ್ಟಿಫಿಕೇಟು ಇದ್ದರೆ ಕೆಲಸ. ಆ ವರ್ಷದ ಕೊನೆಗೆ ನೋಡಿದರೆ ಹೊಳೆಯೇ ದೇಶದ ಗಡಿಯಾಗಿ ಕೂತಿತ್ತು. ಆಚೆ ದಂಡೆಯ ನಮ್ಮೂರು ನಿಜಾಮರದು, ಈಚೆ ಸಿರುಗುಪ್ಪ ಬಳ್ಳಾರಿ ಎಲ್ಲ ಹಿಂದೂಸ್ಥಾನದ್ದು. ಹೊಳೆ ಒಂದು ಗೇಣು ಸರಿದಿರಲಿಲ್ಲ, ನಾನೂ ಸರಿದಿರಲಿಲ್ಲ. ಕ್ಲಾಸಿನ ಎರಡನೇ ಬೆಂಚಿನಲ್ಲಿ ಕೂತಲ್ಲೇ ಪರದೇಶಿಯಾದೆ. ಪರದೇಶಿ ಅಂದರೆ ನಮ್ಮಲ್ಲಿ ದಿಕ್ಕಿಲ್ಲದವರು ಅಂತಲೂ ಅರ್ಥವಿದೆ. ಕಚೇರಿಯವರಿಗೆ ಎರಡು ಅರ್ಥವೂ ಅನುಕೂಲವಾಯಿತು.

ನನ್ನಂಥವರಿಗೆ ಒಂದು ಪರ್ಮಿಟ್ ಕೊಟ್ಟರು. ಅಂಗೈ ಅಗಲದ ಕಾಗದ. ಅದರ ಮೇಲೆ 'ಓದುವ ನಿಮಿತ್ತ ಮಾತ್ರ, ಉದ್ಯೋಗ ಕೂಡದು' ಅಂತ ಬರೆದಿತ್ತು. ಉದ್ಯೋಗ ಅನ್ನುವ ಪದದ ಕೆಳಗೆ ಕೆಂಪು ಮಸಿಯಲ್ಲಿ ಗೆರೆ ಎಳೆದವನು ಕೊಟ್ಟೂರಪ್ಪ. ಪರ್ಮಿಟ್ ಕಚೇರಿಯ ಗುಮಾಸ್ತ ಅವನು. ಕುತ್ತಿಗೆ ತನಕ ಗುಂಡಿ ಹಾಕಿದ ಕೋಟು, ತಲೆಗೆ ರುಮಾಲು, ಹಣೆಯ ಮೇಲೆ ಏರಿಸಿಟ್ಟ ಕನ್ನಡಕ. ಮೇಲಿನವರ ಹತ್ತಿರ ಬಗ್ಗಿ ತೆಲುಗು ಮಾತಾಡುತ್ತಿದ್ದ, ನಮ್ಮ ಹತ್ತಿರ ಬಂದರೆ ಕನ್ನಡವನ್ನೂ ಪೂರ್ತಿ ಮಾತಾಡುತ್ತಿರಲಿಲ್ಲ, ಗದ್ದ ಎತ್ತಿ ಬಾಗಿಲು ತೋರಿಸುತ್ತಿದ್ದ. ತಿಂಗಳಿಗೊಮ್ಮೆ ಅವನ ಮುಂದೆ ನಿಂತು ಮುದ್ರೆ ಒತ್ತಿಸಿಕೊಳ್ಳಬೇಕಿತ್ತು.

ಈ ಉದ್ಯೋಗ ಕೂಡದು ಅನ್ನುವ ಮಾತು ಕೇಳಿ ನಮ್ಮಪ್ಪ ಜಡೆಪ್ಪನಿಗೆ ಖುಷಿಯೇ ಆಯಿತು. ಆತ ಊರ ಗೌಡನ ವಾಡೆಯಲ್ಲಿ ಬಿಟ್ಟಿ ಚಾಕರಿ ಮಾಡಿ ಬೆನ್ನು ಬಗ್ಗಿಸಿಕೊಂಡವನು. ಕರೆದಾಗ ಹೋಗಬೇಕು, ಹೇಳಿದ್ದು ಮಾಡಬೇಕು, ಕೂಲಿ ಕೇಳುವ ಹಾಗಿಲ್ಲ. ಮಗಳಾದರೂ ಅದರಿಂದ ಪಾರಾಗಲಿ ಅಂತಲೇ ನನ್ನನ್ನು ಹೊಳೆ ದಾಟಿಸಿದ್ದ. ಕೆಲಸವನ್ನೇ ಮಾಡಬೇಡ ಅನ್ನುವ ಸರ್ಕಾರ ಬಿಟ್ಟಿ ಮಾಡಿಸುತ್ತದೆಯೇ ಅಂತ ಪಾಪ ಅವನ ಲೆಕ್ಕ.

ನನ್ನ ತೊಡಕು ಶುರುವಾದದ್ದು ಪಾಠದ ಅಭ್ಯಾಸದಿಂದ. ಟ್ರೈನಿಂಗಿನ ಎರಡನೇ ವರ್ಷ ಒಂದು ತಿಂಗಳು ಯಾವುದಾದರೂ ಊರ ಶಾಲೆಗೆ ಹೋಗಿ ಮಕ್ಕಳಿಗೆ ಪಾಠ ಮಾಡಿ ತೋರಿಸಬೇಕು. ಅದಿಲ್ಲದಿದ್ದರೆ ಸರ್ಟಿಫಿಕೇಟು ಇಲ್ಲ. ನನಗೆ ಗೊತ್ತು ಮಾಡಿದ್ದು ಕುರುಗೋಡಿನ ಶಾಲೆ. ಕೊಟ್ಟೂರಪ್ಪ ಅಡ್ಡ ಕೂತ. ಮಕ್ಕಳಿಗೆ ಪಾಠ ಹೇಳುವುದು ಓದುವುದಲ್ಲ, ಓದಿಸುವುದು, ಓದಿಸುವುದು ಮಾಸ್ತರರ ಉದ್ಯೋಗ, ಉದ್ಯೋಗ ಕೂಡದು. ಬೇಕಿದ್ದರೆ ಮೊದಲೇ ಅಪ್ಪಣೆ ಚೀಟಿ ತಗೋ, ಅರ್ಜಿ ಕೊಡು, ವಿಚಾರ ಮಾಡುತ್ತೇನೆ ಅಂದ. ಹೀಗೆ ವಾದ ಮಾಡುವ ತಲೆಯನ್ನು ದೇವರು ಆ ರುಮಾಲಿನ ಕೆಳಗೆ ಯಾಕೆ ಇಟ್ಟನೋ ನನಗೆ ತಿಳಿಯದು. ಅಪ್ಪಣೆ ಚೀಟಿ ಅಂದರೆ ಒಂದು ಸಾಲು ಬರಹ, ಒಂದು ಮುದ್ರೆ. ಜನವರಿಯಲ್ಲಿ ಅರ್ಜಿ ಕೊಟ್ಟೆ.

ವಿಚಾರ ಮಾಡುವುದಕ್ಕೆ ಅವನಿಗೆ ಪುರುಸೊತ್ತು ಬೇಕಿತ್ತು. ಪುರುಸೊತ್ತು ಸಿಗಬೇಕಾದರೆ ಮನೆಯಲ್ಲಿ ಇಬ್ಬರು ಹೆಣ್ಣುಮಕ್ಕಳ ಪಾಠ ಯಾರಾದರೂ ನೋಡಿಕೊಳ್ಳಬೇಕಿತ್ತು. ಬ್ರೂಸ್‌ಪೇಟೆಯ ಹಿಂದೆ ಅವನ ಮನೆ. ದಿನಾ ಶಾಲೆ ಬಿಟ್ಟ ಮೇಲೆ ಹೋಗಿ ಆ ಹುಡುಗಿಯರಿಗೆ ಕಾಗುಣಿತ, ಮಗ್ಗಿ ಹೇಳಿಕೊಟ್ಟೆ. ಫೆಬ್ರುವರಿಯಲ್ಲಿ ಕಾಗುಣಿತದ ಜೊತೆ ಮೆಣಸಿನಕಾಯಿ ತೊಟ್ಟು ಬಿಡಿಸುವುದು ಸೇರಿತು. ಮಾರ್ಚ್‌ನಲ್ಲಿ ಜೋಳ ಹಸನು ಮಾಡುವುದು, ಬೇಸಿಗೆಯಲ್ಲಿ ಸೇದುವ ಬಾವಿಯ ನೀರು. ಅವನ ಹೆಂಡತಿ ವೀರಭದ್ರಮ್ಮ ಕೆಟ್ಟವಳಲ್ಲ, ಮೈಗಳ್ಳಿ. ಕೆಲಸ ಇದ್ದಾಗ ನಾನು ಅವರ ಮನೆಮಗಳು, ಕೆಲಸ ಮುಗಿದಾಗ ಆಚೆ ದಂಡೆಯ ಹುಡುಗಿ.

ಒಂದು ದಿನ ಬಿಸಿಲಿಗೆ ನಾಲಿಗೆ ಒಣಗಿ ಕೂತಿದ್ದೆ. ವೀರಭದ್ರಮ್ಮನಿಗೆ ಏನನ್ನಿಸಿತೋ, ಒಂದು ಲೋಟ ಮಜ್ಜಿಗೆ ತಂದಳು. ಕೊಟ್ಟೂರಪ್ಪ ಪಡಸಾಲೆಯಿಂದಲೇ ಕೈ ಅಡ್ಡ ಹಿಡಿದ.

"ಕೊಡಬ್ಯಾಡ. ಕೊಟ್ರ ಅದು ಕೆಲಸ ಆಗತೈತಿ. ಆಕಿಗೇ ತೊಂದ್ರಿ."

ಕಾಯದೆಯ ಮೇಲೆ ಅಷ್ಟು ಭಕ್ತಿ. ಕೂಲಿ ಕೊಟ್ಟರೆ ಉದ್ಯೋಗ, ಕೊಡದಿದ್ದರೆ ಉದ್ಯೋಗವಲ್ಲ. ಆದ್ದರಿಂದ ನನ್ನ ಒಳ್ಳೆಯದಕ್ಕಾಗಿ ನನಗೆ ಏನನ್ನೂ ಕೊಡಬಾರದು. ವೀರಭದ್ರಮ್ಮ ಮಜ್ಜಿಗೆಯನ್ನು ತಾನೇ ಕುಡಿದಳು. ನಮ್ಮೂರ ಗೌಡ ಬಿಟ್ಟಿ ಮಾಡಿಸುವಾಗ ಬೈಯುತ್ತಿದ್ದ, ಹೊಡೆಯುತ್ತಿದ್ದ, ಆದರೆ ನಿನ್ನ ಉಪಕಾರಕ್ಕೆ ಅಂತ ಯಾವತ್ತೂ ಹೇಳಿರಲಿಲ್ಲ. ಅಷ್ಟರ ಮಟ್ಟಿಗೆ ಆ ಗೌಡನೇ ವಾಸಿ ಅನ್ನಿಸಿತು.

ಜುಲೈ ಬಂತು. ಕುರುಗೋಡಿಗೆ ಹೋಗುವ ದಿನ ಬಂತು. ಚೀಟಿ ಬರಲಿಲ್ಲ. ಟ್ರೈನಿಂಗ್ ಶಾಲೆಯ ದೊಡ್ಡ ಮೇಡಮ್ಮನ ಹತ್ತಿರ ಹೋಗಿ ಅತ್ತೆ. ಆಕೆ ತಲೆ ಸವರಿ, ಹೋಗಮ್ಮ, ಕಾಗದ ಹಿಂದಿನಿಂದ ಬರುತ್ತದೆ, ನಾನಿದ್ದೇನೆ ಅಂದರು. ನಾನು ಹೋದೆ.

ಕುರುಗೋಡಿನಲ್ಲಿ ಇಳಿದುಕೊಳ್ಳಲು ಜಾಗವಿರಲಿಲ್ಲ. ಹೊನ್ನೂರಮ್ಮ ಅನ್ನುವ ಗಂಡ ಸತ್ತ ಹೆಂಗಸು ಬಸ್ಸು ನಿಲ್ಲುವ ಕಡೆ, ತನ್ನ ಮನೆಯ ಒಲೆಯ ಮೇಲೇ ರೊಟ್ಟಿ ಬಡಿದು ಮಾರುತ್ತಿದ್ದಳು. ತನ್ನ ಮನೆಯಲ್ಲೇ ಇರು ಅಂದಳು. ಅವಳಿಗೊಂದು ಆಸೆಯಿತ್ತು, ತನ್ನ ಹೆಸರು ತಾನೇ ಬರೆಯಬೇಕು ಅಂತ. ಯಾವ ಕಾಗದಕ್ಕೂ ಹೆಬ್ಬೆಟ್ಟು ಒತ್ತಿಸುತ್ತಾರೆ, ಮಸಿ ಸುಲಭಕ್ಕೆ ಹೋಗುವುದಿಲ್ಲ, ಅದೇ ಕೈಯಲ್ಲಿ ರೊಟ್ಟಿ ಬಡಿಯಬೇಕು, ತಿನ್ನುವವರು ಮುಖ ಸಿಂಡರಿಸುತ್ತಾರೆ. ನಾನು ಬೆಳಗ್ಗೆ ಶಾಲೆಯಲ್ಲಿ ಪಾಠ ಮಾಡಿ, ಸಂಜೆ ಅವಳಿಗೆ ಕಟ್ಟಿಗೆ ಇದ್ದಿಲಿನಲ್ಲಿ ನೆಲದ ಮೇಲೆ ಅಕ್ಷರ ತಿದ್ದಿಸಿದೆ. 'ಹೊ' ಬರೆಯಲು ಅವಳಿಗೆ ನಾಲ್ಕು ದಿನ ಬೇಕಾಯಿತು. ಪೂರ್ತಿ ಹೆಸರು ಬಂದ ದಿನ ಅವಳು ಅದನ್ನು ಒಲೆಯ ಪಕ್ಕದ ಗೋಡೆಯ ತುಂಬ ಬರೆದಳು. ನನ್ನ ಜೀವನದಲ್ಲಿ ನಾನು ಮನಸಾರೆ ಮಾಡಿದ ಮೊದಲ ಪಾಠ ಅದು, ಈಗಲೂ ನೆನೆದರೆ ಹೆಮ್ಮೆ. ಅವಳು ದಿನಾ ನನಗೆ ಎರಡು ಜೋಳದ ರೊಟ್ಟಿ, ಪುಂಡಿಪಲ್ಯ ಬಡಿಸಿ, ತಿನ್ನುವುದನ್ನು ನೋಡುತ್ತ ಕೂರುತ್ತಿದ್ದಳು.

ಕೊಟ್ಟೂರಪ್ಪನ ಸೋದರಮಾವನ ಮನೆ ಕುರುಗೋಡಿನಲ್ಲೇ ಇತ್ತು. ಅಭ್ಯಾಸ ಮುಗಿಯಲು ನಾಲ್ಕು ದಿನ ಇದ್ದಾಗ ಯಾವುದೋ ಕಾರ್ಯಕ್ಕೆ ಅಲ್ಲಿಗೆ ಬಂದವನು, ಬಸ್ಸು ತಡವಾಯಿತು ಅಂತ ಹೊನ್ನೂರಮ್ಮನ ಮುಂದೆ ರೊಟ್ಟಿಗೆ ಕೂತ. ಗೋಡೆ ನೋಡಿ ಇದು ಯಾರು ಬರೆದದ್ದು ಅಂತ ಕೇಳಿದ. ಅವಳು ಸಂಭ್ರಮದಿಂದ ಎಲ್ಲ ಹೇಳಿದಳು. ಆಚೆ ದಂಡೆಯ ಮೂಕಮ್ಮ, ಬಂಗಾರದಂಥ ಹುಡುಗಿ, ನಾನೇ ರೊಟ್ಟಿ ಹಾಕುತ್ತೇನೆ, ಅವಳು ಅಕ್ಷರ ಕಲಿಸುತ್ತಾಳೆ. ಕೊಟ್ಟೂರಪ್ಪ ರೊಟ್ಟಿ ತಿಂದ, ಇನ್ನೊಂದು ಹಾಕಿಸಿಕೊಂಡ, ಕೈ ತೊಳೆದ, ಕೋಟಿನ ಜೇಬಿನಿಂದ ನೋಟ್‌ಬುಕ್ ತೆಗೆದು ಬರೆದುಕೊಂಡ. ತಿಂದ ಮನೆಯ ಗೋಡೆಯನ್ನೇ ಸಾಕ್ಷಿ ಮಾಡಿಕೊಂಡು ಹೋದ.

ಆಗಸ್ಟ್‌ನಲ್ಲಿ ವಿಚಾರಣೆ. ಮದರಾಸಿನಿಂದ ಬಂದಿದ್ದ, ಕನ್ನಡ ಬಲ್ಲ ದೊಡ್ಡ ಸಾಹೇಬರು ಕುರ್ಚಿಯಲ್ಲಿ, ಕೊಟ್ಟೂರಪ್ಪ ಪಕ್ಕದಲ್ಲಿ ಫೈಲು ಹಿಡಿದು, ನಾನು ಎದುರಿಗೆ. ಪರ್ಮಿಟ್ ಹೋದರೆ ಟ್ರೈನಿಂಗ್ ಶಾಲೆಯಲ್ಲಿ ಹೆಸರು ಹೊಡೆದುಹಾಕುತ್ತಾರೆ, ಹೊಳೆ ದಾಟಿ ಗೌಡನ ವಾಡೆಗೇ ವಾಪಸು. ಆಪಾದನೆಯನ್ನು ಕೊಟ್ಟೂರಪ್ಪ ಗಂಟಲು ಸರಿಮಾಡಿಕೊಂಡು ಓದಿದ: ಅಪ್ಪಣೆಯಿಲ್ಲದೆ ಪಾಠ ಮಾಡಿದ್ದು ಒಂದು, ದಿನವಹಿ ಎರಡು ರೊಟ್ಟಿ ಮತ್ತು ಪುಂಡಿಪಲ್ಯ ಪ್ರತಿಫಲ ಪಡೆದು ಖಾಸಗಿ ಉದ್ಯೋಗ ಮಾಡಿದ್ದು ಇನ್ನೊಂದು. ಪುಂಡಿಪಲ್ಯ ಅನ್ನುವ ಪದ ಸರ್ಕಾರಿ ಕಾಗದ ಸೇರಿದ್ದು ಬಹುಶಃ ಅದೇ ಮೊದಲು. ನಾನಿದ್ದೇನೆ ಅಂದಿದ್ದ ದೊಡ್ಡ ಮೇಡಮ್ಮ ಮೂಲೆಯ ಬೆಂಚಿನಲ್ಲಿ ಕೊನೆತನಕ ಸೆರಗಿನ ಅಂಚು ನೋಡುತ್ತ ಕೂತಿದ್ದರು.

ಹೇಳುವುದೇನಾದರೂ ಇದೆಯೇ ಅಂತ ಸಾಹೇಬರು ಕೇಳಿದರು. ನಾನು ಹೇಳಿದೆ.

"ಐತ್ರಿ ಸಾಹೇಬ್ರ. ಆರು ತಿಂಗಳು ಇವರ ಮನಿಯಾಗೂ ಪಾಠ ಹೇಳೀನ್ರಿ. ಜೋಳ ಹಸನ ಮಾಡೀನಿ, ನೀರು ಸೇದೀನಿ. ರೊಟ್ಟಿ ತಿಂದು ಕಲಿಸಿದ್ದು ಉದ್ಯೋಗ ಅಂದ್ರ, ಅದನ್ನೂ ಬರ್ಕೊಳ್ರಿ."

ಸಾಹೇಬರು ಕೊಟ್ಟೂರಪ್ಪನ ಕಡೆ ತಿರುಗಿದರು. ಈಗ ಇವನ ಮುಖ ಬಾಡುತ್ತದೆ ಅಂತ ನಾನು ಕಾದೆ. ಹದಿನೆಂಟು ವರ್ಷದ ಹುಡುಗಿ, ಅಷ್ಟೇ ಬುದ್ಧಿ. ಅವನು ಎದೆಯುಬ್ಬಿಸಿಕೊಂಡು, ನನಗೂ ತಿಳಿಯಲಿ ಅಂತ ತೆಲುಗು ಬಿಟ್ಟು ಕನ್ನಡದಲ್ಲೇ ಉತ್ತರ ಕೊಟ್ಟ.

"ಅದು ಕೆಲಸ ಅಲ್ರಿ ಸಾಹೇಬ್ರ. ಆಕಿಗೆ ನಾವು ಏನೂ ಕೊಟ್ಟಿಲ್ರಿ. ಒಂದು ಲೋಟ ಮಜ್ಜಿಗಿ ಸೈತ ಕೊಟ್ಟಿಲ್ಲ."

ಸಾಹೇಬರು ತಲೆದೂಗಿದರು. ಕೊಟ್ಟೂರಪ್ಪ ಹೇಳಿದ್ದು ಕಾಯದೆಯ ಪ್ರಕಾರ ಸರಿಯಿತ್ತು. ಆರು ತಿಂಗಳು ದುಡಿಸಿ ಏನೂ ಕೊಡದವನು ನಿರ್ದೋಷಿ, ಒಂದು ತಿಂಗಳು ಹೊಟ್ಟೆಗೆ ಹಾಕಿದ ಹೊನ್ನೂರಮ್ಮ ಕಾನೂನು ಮುರಿದವಳು. ಪರ್ಮಿಟ್ ರದ್ದಾಯಿತು. ಕಚೇರಿಯಿಂದ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಅತ್ತೆ. ದುಃಖಕ್ಕಲ್ಲ, ಅಂಥ ಮನುಷ್ಯನ ಮನೆಯ ಜೋಳದಲ್ಲಿ ಅಷ್ಟು ಶ್ರದ್ಧೆಯಿಂದ ಕಲ್ಲು ಆರಿಸಿದೆನಲ್ಲ ಅಂತ.

ಮರುದಿನವೇ ಸಿರುಗುಪ್ಪದ ಕಡವಿಗೆ ತಂದು ಹೊಳೆ ದಾಟಿಸಿದರು. ಒಂದು ತಿಂಗಳಿಗೆ, ಸೆಪ್ಟೆಂಬರ್‌ನಲ್ಲಿ, ಹಿಂದೂಸ್ಥಾನದ ಸೈನ್ಯ ಬಂದು ಐದೇ ದಿನದಲ್ಲಿ ನಿಜಾಮರ ಆಳ್ವಿಕೆ ಮುಗಿಯಿತು. ಗಡಿ ಮತ್ತೆ ಹೊಳೆಯಾಯಿತು. ಪರ್ಮಿಟ್ ಕಚೇರಿ ಮುಚ್ಚಿತು. ಆದರೂ ಹೊಡೆದ ಹೆಸರು ಹೊಡೆದದ್ದೇ. ಎರಡನೇ ವರ್ಷವನ್ನು ಮೊದಲಿಂದ ಓದಿ, ಐವತ್ತರಲ್ಲಿ ಸರ್ಟಿಫಿಕೇಟು ತಗೊಂಡು, ಬೇಡಿಕೊಂಡು ಕುರುಗೋಡಿನ ಶಾಲೆಗೇ ಬಂದೆ. ಹೊನ್ನೂರಮ್ಮನ ಮನೆಯಲ್ಲೇ ಇದ್ದೆ, ಈ ಸಲ ಸಂಬಳದಲ್ಲಿ ಅವಳಿಗೆ ಬಾಡಿಗೆ ಕೊಟ್ಟು.

ಐವತ್ತಮೂರರ ಅಕ್ಟೋಬರ್‌ನಲ್ಲಿ ಮತ್ತೆ ಗೆರೆ ಎಳೆದರು. ಅಲ್ಲಿತನಕ ಮದರಾಸಿಗೆ ಸೇರಿದ್ದ ಬಳ್ಳಾರಿ, ಸಿರುಗುಪ್ಪ, ಕುರುಗೋಡು ಮೈಸೂರಿಗೆ ಬಂದವು; ಆದೋನಿ, ಆಲೂರು ಆಂಧ್ರಕ್ಕೆ ಹೋದವು. ಅದಾಗಿ ಒಂದು ತಿಂಗಳಿರಬೇಕು, ಶಾಲೆಯ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಬ್ಬ ಒಳಗೆ ಬಂದ. ಅದೇ ಕೋಟು, ಮೇಲಿನ ಗುಂಡಿ ಕಿತ್ತಿತ್ತು. ಹೆಡ್‌ಮಾಸ್ತರು ರಜೆಯಲ್ಲಿದ್ದರು, ಬೀರುವಿನ ಕೀಲಿ ನನ್ನ ಹತ್ತಿರವಿತ್ತು. ಕೊಟ್ಟೂರಪ್ಪ ನನಗೆ ಕೈಮುಗಿದ. ಟೀಚರಮ್ಮಾರ ಅಂದ. ಗುರುತು ಹಿಡಿಯಲಿಲ್ಲ.

ನಿಂತುಕೊಂಡೇ ತನ್ನ ಗೋಳು ಹೇಳಿದ. ಹುಟ್ಟಿದ್ದು ಆಲೂರು ತಾಲೂಕಿನಲ್ಲಿ, ಹೀಗಾಗಿ ನೀನು ಆ ಕಡೆಯವನು, ಇಲ್ಲಿ ಉದ್ಯೋಗ ಕೂಡದು, ಆಂಧ್ರಕ್ಕೆ ಹೋಗು ಅನ್ನುತ್ತಿದ್ದಾರೆ. ಮನೆ ಬಳ್ಳಾರಿಯಲ್ಲಿ, ಮಗಳ ಲಗ್ನ ಬಳ್ಳಾರಿಯಲ್ಲಿ ಗೊತ್ತಾಗಿದೆ. ಚಿಕ್ಕಂದಿನಲ್ಲಿ ಸೋದರಮಾವನ ಮನೆಯಲ್ಲಿದ್ದು ನಾಲ್ಕನೇ ಇಯತ್ತೆ ತನಕ ಇದೇ ಶಾಲೆಯಲ್ಲಿ ಓದಿದ್ದಕ್ಕೆ ಒಂದು ಚೀಟಿ ಸಿಕ್ಕರೆ ಉಳಿದುಕೊಳ್ಳುತ್ತಾನಂತೆ. ಮೂರು ಕಚೇರಿ ಸುತ್ತಿ ಬಂದಿದ್ದ. ವಿಚಾರ ಮಾಡುತ್ತೇವೆ ಅನ್ನುತ್ತಾರಂತೆ.

ಹಳೆಯ ರಿಜಿಸ್ಟರನ್ನು ಹುಳ ತಿಂದಿದೆ ಅನ್ನಬಹುದಿತ್ತು. ಅರ್ಧ ತಿಂದೂ ಇತ್ತು. ಅರ್ಜಿ ಕೊಡಿ, ಅಷ್ಟರಲ್ಲಿ ಈ ಅಂಗಳ ಗುಡಿಸಿ ಅನ್ನಬಹುದಿತ್ತು, ಗುಡಿಸುತ್ತಿದ್ದ. ಬಾಯಿಗೆ ಬಂದದ್ದು ನಿಜ. ಆದರೆ ಅವನು ನಿಂತ ಮೆಟ್ಟಿಲಿಗೆ ನಾನು ಇಳಿಯುವುದು ನನಗೆ ಹೇಸಿಗೆಯಾಯಿತು. ಬೀರು ತೆಗೆದೆ. ಧೂಳು ಕೊಡವಿ ಹುಡುಕಿದೆ. ಕೊಟ್ಟೂರಪ್ಪ, ತಂದೆ ಉಚ್ಚೆಂಗೆಪ್ಪ, ನಾಲ್ಕನೇ ಇಯತ್ತೆ. ಲೆಕ್ಕದಲ್ಲಿ ನಪಾಸು. ಅದನ್ನು ಬಿಟ್ಟು ಉಳಿದದ್ದನ್ನು ಒಂದು ಸಾಲಿನಲ್ಲಿ ಬರೆದೆ, ಸಹಿ ಮಾಡಿದೆ, ಮುದ್ರೆ ಒತ್ತಿದೆ, ಮಸಿ ಆರಲಿ ಅಂತ ಊದಿ ಅವನ ಕೈಗೆ ಕೊಟ್ಟೆ. ಇಡೀ ಕೆಲಸಕ್ಕೆ ಐದು ನಿಮಿಷ ಹಿಡಿಯಿತು. ಅದು ಐದು ನಿಮಿಷದ ಕೆಲಸ ಅಂತ ಅವನು ಕಣ್ಣಾರೆ ನೋಡಬೇಕಿತ್ತು.

ಅವನು ಚೀಟಿಯನ್ನು ಕಣ್ಣಿಗೆ ಒತ್ತಿಕೊಂಡ. ಕೋಟಿನ ಜೇಬಿಗೆ ಕೈ ಹಾಕಿ, ಏನು ಕೊಡಬೇಕು ಅಂತ ತಗ್ಗಿದ ದನಿಯಲ್ಲಿ ಕೇಳಿದ.

"ಏನೂ ಕೊಡಬ್ಯಾಡ್ರಿ," ಅಂದೆ. "ಕೊಟ್ರ ಅದು ಕೆಲಸ ಆಗತೈತಿ."

ಜೇಬಿನಲ್ಲಿ ಅವನ ಕೈ ಹಾಗೇ ನಿಂತಿತು. ಹಣೆಯ ಮೇಲಿದ್ದ ಕನ್ನಡಕ ಕೆಳಗಿಳಿಸಿ, ಮೊದಲ ಸಲ ನನ್ನ ಮುಖ ನೋಡಿದ.