ಪ್ರಾಣಿಯ ಹೊಟ್ಟೆಯಲ್ಲೊಂದು ಬಾಗಿಲು

1

ಬಾಲದಿಂದ ಶುರು ಮಾಡೋಣ ಎಂದುಕೊಂಡಿದ್ದೆ. ದೈತ್ಯ ಪ್ರಾಣಿಯ ಸಿನಿಮಾಗಳು ಹಾಗೆಯೇ ಅಲ್ಲವೇ? ಮೊದಲು ನೀರಿನ ಮೇಲೊಂದು ಗುಳ್ಳೆ, ಆಮೇಲೆ ಬಾಲದ ತುದಿ, ಆಮೇಲೆ ಓಡುವ ಜನ. ಪ್ರಾಣಿ ಮಾತ್ರ ಇಂಟರ್ವಲ್ ತನಕ ನಾಪತ್ತೆ. ಆದರೆ ಬಾಲದಿಂದ ಶುರು ಮಾಡಿದರೆ ಬಾಲ ಹೊಲಿದವಳ ಬಗ್ಗೆ ಹೇಳಬೇಕು, ಹೊಲಿದವಳ ಬಗ್ಗೆ ಹೇಳಿದರೆ ಅದನ್ನು ಹೊತ್ತವನ ಬಗ್ಗೆಯೂ ಹೇಳಬೇಕು. ಎಲ್ಲವನ್ನೂ ಮೊದಲ ಪುಟದಲ್ಲೇ ತೋರಿಸಿಬಿಟ್ಟರೆ ನೀವು ಮುಂದೆ ಯಾಕೆ ಓದುತ್ತೀರಿ?

(ಓದದಿದ್ದರೂ ಬೇಜಾರಿಲ್ಲ. ಬರೆದು ಬರೆದು ನನಗೂ ಸಾಕಾಗಿದೆ.)

1, ಇನ್ನೊಂದು ಸಲ

ಲತಾಮಣಿ ಜಯನಗರದ ಒಂದು ಮ್ಯಾಚಿಂಗ್ ಸೆಂಟರಿನ ಪಕ್ಕ, ಮೆಟ್ಟಿಲ ಕೆಳಗೆ ಹೊಲಿಗೆ ಮಿಷನ್ ಇಟ್ಟುಕೊಂಡು ಸೀರೆಗಳಿಗೆ ಫಾಲ್ಸ್ ಹಾಕುವವಳು. ಅವಳ ಗಂಡ ಸುಭಾಷ್ ಗಾರುಡಿ ಗೊಂಬೆ ಹೊತ್ತು ಕುಣಿಯುವವನು. ಗಣೇಶನ ಮೆರವಣಿಗೆಯಲ್ಲಿ, ಆಟೋ ಸ್ಟ್ಯಾಂಡಿನವರ ರಾಜ್ಯೋತ್ಸವದಲ್ಲಿ ನೀವು ನೋಡಿಯೇ ಇರುತ್ತೀರಿ: ತಮಟೆಯ ಮುಂದೆ ಎರಡಾಳೆತ್ತರದ ಬಿದಿರಿನ ಗೊಂಬೆ, ಗುಡ್ಡೆಗಣ್ಣು, ಹುರಿಮೀಸೆ, ಜೋಲಾಡುವ ಕೈ. ಗೊಂಬೆಯನ್ನು ನೋಡಿರುತ್ತೀರಿ, ಒಳಗಿನವನನ್ನಲ್ಲ. ಅವನು ಗೊಂಬೆಯ ಹೊಟ್ಟೆಯ ಹತ್ತಿರ, ಬಟ್ಟೆಯ ಸೀಳಿನಿಂದ ದಾರಿ ನೋಡಿಕೊಂಡು ಹೆಜ್ಜೆ ಹಾಕುತ್ತಿರುತ್ತಾನೆ.

ಅವರ ಮನೆತನದಲ್ಲೊಂದು ಪದ್ಧತಿಯಿದೆ. ಗೊಂಬೆ ನೋಡಿ ಮಗು ಹೆದರಿ ಅತ್ತರೆ ಹಾಗೆಯೇ ಮುಂದೆ ಹೋಗಕೂಡದು. ಕುಣಿತ ನಿಲ್ಲಿಸಿ, ಮಗುವಿನ ಮುಂದೆ ಬಗ್ಗಿ, ಸೀಳು ಸರಿಸಿ, ಮುಖ ತೋರಿಸಬೇಕು. "ನಾನೇ ಕಣಪ್ಪ, ನೋಡಿಲ್ಲಿ" ಎನ್ನಬೇಕು. ಮಗು ಸುಮ್ಮನಾದ ಮೇಲೆಯೇ ಮುಂದಿನ ಹೆಜ್ಜೆ. ಹೆದರಿಸಿ ಬಿಟ್ಟುಹೋದರೆ ಆ ಹೆದರಿಕೆ ಗೊಂಬೆಗೆ ಅಂಟಿಕೊಂಡು ಭಾರವಾಗುತ್ತದೆ, ಹೊತ್ತವನ ಬೆನ್ನು ಮುರಿಯುತ್ತದೆ ಎಂದು ಸುಭಾಷನ ಅಪ್ಪ ಹೇಳುತ್ತಿದ್ದರು.

(ಇದನ್ನು ನೆನಪಿಟ್ಟುಕೊಳ್ಳಿ. ಒಳ್ಳೆಯ ಕಥೆಗಾರರು ಹೀಗೆ ಹೇಳಬಾರದಂತೆ. ಇರಲಿ.)

2

ಇವರು ಬಾಡಿಗೆಗಿರುವುದು ಕುಮಾರಸ್ವಾಮಿ ಲೇಔಟಿನಲ್ಲಿ, ಬೈರಣ್ಣನವರ ಕಟ್ಟಡದ ಹಿಂಭಾಗದಲ್ಲಿ. ಲೇಔಟ್ ಬರುವ ಮೊದಲು ಬೈರಣ್ಣ ಅಲ್ಲೇ ರಾಗಿ ಬೆಳೆಯುತ್ತಿದ್ದವರು. ಅವರ ಮಗ ಮನೋಜ್ ಸಿನಿಮಾ ಮಾಡಲು ಹೊರಟ. ಮಣ್ಣು ತುಂಬಿ ಸೈಟು ಮಾಡಿದ ಕೆರೆಯೊಂದರ ತಳದಿಂದ ದೈತ್ಯ ಪ್ರಾಣಿಯೊಂದು ಎದ್ದು ಬರುವ ಕಥೆ. ಗ್ರಾಫಿಕ್ಸ್ ಮಾಡಿಸುವಷ್ಟು ಶಕ್ತಿ ಇರಲಿಲ್ಲ. ಹಿಂದಿನ ಮನೆಯಲ್ಲಿ ಹೊಲಿಯುವವಳಿದ್ದಳು, ಹೊರುವವನೂ ಇದ್ದ.

ಲತಾಮಣಿ ಫೋಮು, ರೆಕ್ಸಿನ್ ಜೋಡಿಸಿ ಪ್ರಾಣಿಯ ಚರ್ಮ ಹೊಲಿದಳು. ಬೆನ್ನ ಮೇಲೆ ಮುಳ್ಳು, ಅಂಗಳ ಗುಡಿಸುವಷ್ಟು ಉದ್ದದ ಬಾಲ. ಜೊತೆಗೆ, ಯಾರೂ ಹೇಳದೆ, ಹೊಟ್ಟೆಯ ಮೇಲೊಂದು ಪುಟ್ಟ ಬಾಗಿಲನ್ನೂ ಇಟ್ಟಳು. ಅಂಟುಪಟ್ಟಿ ಹಾಕಿದ್ದು, ಪರ್ ಎಂದು ತೆಗೆಯಬಹುದು. ಮುಖ ತೋರಿಸಲು ಜಾಗವಿಲ್ಲದ ದೈತ್ಯವೊಂದು ಇರಬಹುದು ಎಂದು ಅವಳಿಗೆ ಹೊಳೆಯಲೇ ಇಲ್ಲ.

ಆ ಬಾಗಿಲಿನಿಂದಾಗಿ ಮನೋಜನಿಗೆ ಪ್ರಾಣಿಯನ್ನು ಎದುರಿನಿಂದ ಶೂಟ್ ಮಾಡಲಾಗಲಿಲ್ಲ. ಬೇರೆ ಹೊಲಿಸಲು ಹೊತ್ತಿಲ್ಲ. ಹಿಂದಿನಿಂದ, ಪಕ್ಕದಿಂದ, ಹೊಗೆಯ ನಡುವೆ ತೆಗೆದ. ತೆಗೆದದ್ದನ್ನು ಅಪ್ಪನಿಗೆ ತೋರಿಸಿದ.

"ಪ್ರಾಣಿ ಎಲ್ಲೋ?"

"ಅದೇ ಅಪ್ಪಾ, ಆ ನೆರಳು."

"ನೆರಳಿಗೆ ನಾನ್ಯಾಕೋ ದುಡ್ ಹಾಕ್ಲಿ? ನಮ್ಮನೆ ತೆಂಗಿನ ಮರದ್ದೂ ಬೀಳ್ತದೆ."

"ತೋರಿಸ್ದೇ ಇದ್ರೇನೇ ಭಯ ಜಾಸ್ತಿ. ಸಸ್ಪೆನ್ಸ್ ಅಂತಾರೆ."

"ಸೈಟ್ ತೋರಿಸ್ದೆ ಅಡ್ವಾನ್ಸ್ ಈಸ್ಕೊಂಡ್ರೆ ಅದಕ್ಕೂ ಒಂದು ಹೆಸರೈತೆ ಮಗನೆ."

ಬಾಗಿಲಲ್ಲಿ ನಿಂತು ಕೇಳಿಸಿಕೊಂಡ ಲತಾಮಣಿಗೆ ಇಬ್ಬರೂ ಸರಿ ಎಂದು ಅನ್ನಿಸಿತು. ಹಾಗನ್ನಿಸಿದ್ದಕ್ಕೆ ಇನ್ನೂ ಸುಸ್ತಾಯಿತು.

4

(ಮೂರನೆಯ ಭಾಗದಲ್ಲಿ ಆಸ್ಪತ್ರೆಯ ದೃಶ್ಯವಿತ್ತು. ಅದರಲ್ಲಿ ಎಲ್ಲರೂ ತುಂಬಾ ಅತ್ತುಬಿಟ್ಟಿದ್ದಾರೆ. ಕಿತ್ತುಹಾಕಿದ್ದೇನೆ. ನಡೆದದ್ದನ್ನಷ್ಟೇ ಹೇಳುತ್ತೇನೆ.)

ಕೊನೆಯ ದಿನದ ಶೂಟಿಂಗ್. ಬೈರಣ್ಣನವರ ಮೊಮ್ಮಗಳು ಬಿಂದುಶ್ರೀ ಪ್ರಾಣಿಯ ಮುಂದೆ ನಿಂತು ಕಿರುಚಬೇಕು. ಕ್ಯಾಮೆರಾ ಸ್ವಲ್ಪ ದೂರದಲ್ಲಿತ್ತು, ಪ್ರಾಣಿ ಪೂರ್ತಿ ಫ್ರೇಮಿನಲ್ಲಿತ್ತು. ಮನೋಜ್ ಆಮೇಲೆ ಅದರ ಮೇಲೆ ಹೊಗೆ ಕೂರಿಸುವವನಿದ್ದ. ಹುಡುಗಿ ನಿಜವಾಗಿಯೇ ಹೆದರಿ ಅಳತೊಡಗಿದಳು. ಸುಭಾಷ್ ಒಂದು ಕ್ಷಣ ನಿಂತ. ಬಾಲ, ಮುಳ್ಳು, ಫೋಮು ಎಲ್ಲವನ್ನೂ ಹೊತ್ತುಕೊಂಡೇ ಮೆಲ್ಲಗೆ ಮಂಡಿಯೂರಿದ. ಪರ್ ಎಂದು ಹೊಟ್ಟೆ ತೆರೆಯಿತು.

"ನಾನೇ ಕಣವ್ವ, ನೋಡಿಲ್ಲಿ."

ಹುಡುಗಿ ನಕ್ಕಳು. ಮನೋಜ್ "ಕಟ್" ಎಂದು ಅರಚಿದ. ಸುಭಾಷ್ ಏಳಲು ಹೋದ, ಏಳಲಾಗಲಿಲ್ಲ. ನಾಲ್ಕು ಜನ ಸೇರಿ ಪ್ರಾಣಿಯನ್ನು ಮಗ್ಗುಲಿಗೆ ಉರುಳಿಸಿ, ಒಳಗಿನಿಂದ ಅವನನ್ನು ಎಳೆದರು. ಬೆನ್ನಿನ ಡಿಸ್ಕ್ ಜಾರಿತ್ತು. ಡಾಕ್ಟರು ಇನ್ನು ಭಾರ ಹೊರುವಂತಿಲ್ಲ ಎಂದರು. ಸುಭಾಷನ ಪಾಲಿಗೆ ಗೊಂಬೆ ಕುಣಿತವೂ ಶೂಟಿಂಗೂ ಅಲ್ಲಿಗೆ ಮುಗಿದವು. ಈಗ ಗೊಂಬೆ ಅಟ್ಟದ ಮೇಲೆ ಹಳೆಯ ಬೆಡ್‌ಶೀಟ್ ಹೊದ್ದು ಮಲಗಿದೆ.

ಹೀಗೆ ಪ್ರಾಣಿ ಎದುರಿನಿಂದ ಪೂರ್ತಿ ಕಾಣುವುದು ಆ ಒಂದೇ ಶಾಟಿನಲ್ಲಿ. ವೇಷದೊಳಗಿನ ಸುಭಾಷನ ಮುಖ ಎಲ್ಲಾದರೂ ಉಳಿದಿದ್ದರೆ ಅದೂ ಅಲ್ಲಿಯೇ. ಅದು ಸಿನಿಮಾದಲ್ಲಿ ಇರಬೇಕು. ಲತಾಮಣಿಗೆ ಬೇಕಾಗಿರುವುದು ಇಷ್ಟೇ.

5

ಹನುಮಂತನಗರದ ಎಡಿಟಿಂಗ್ ರೂಮಿಗೆ ಅವಳು ಮಿಷನ್ ಮುಚ್ಚಿ ಬಂದಳು. ಮನೋಜನ ಕಣ್ಣುಗಳು ಕೆಂಪಗಿದ್ದವು.

"ಮನೋಜಣ್ಣ, ಅದೊಂದು ಇಡಿ."

"ಅಕ್ಕಾ, ಪ್ರಾಣಿ ಹೊಟ್ಟೇಲಿ ಕಿಟಕಿ, ಕಿಟಕೀಲಿ ಒಬ್ರು ನಗ್ತಾ ಇದಾರೆ. ಜನ ಏನಂತಾರೆ?"

"ಅವರೂ ನಗ್ತಾರೆ. ಪಾಪು ನಗ್ಲಿಲ್ವಾ?"

"ಇದು ಹಾರರ್ ಅಕ್ಕಾ. ನಕ್ಬಿಟ್ರೆ ಅಷ್ಟೇ, ಎರಡು ವರ್ಷ ಹೋಯ್ತು ನಂದು."

"ನಮ್ಮೋರದು ಬೆನ್ನು ಹೋಯ್ತು."

ಮನೋಜ್ ಕುರ್ಚಿ ತಿರುಗಿಸಿ ಮಾನಿಟರಿನತ್ತ ನೋಡಿದ. ಆಮೇಲೆ, "ಟೈಟಲ್‌ನಲ್ಲಿ ಅವರ ಹೆಸ್ರು ದೊಡ್ಡದಾಗಿ ಹಾಕ್ತೀನಿ. ಪ್ರಾಮಿಸ್" ಎಂದ.

"ಅವರ ಹೆಸ್ರು ಯಾವ ಮಗೂಗೂ ಗೊತ್ತಿಲ್ಲ ಮನೋಜಣ್ಣ. ಮುಖ ಗೊತ್ತು."

ಮನೋಜ್ ಆ ಶಾಟ್ ಹಾಕಿ ತೋರಿಸಿದ. ಬಾಗಿಲು ತೆರೆಯುವುದಕ್ಕೆ ಒಂದು ಗಳಿಗೆ ಮೊದಲು ನಿಲ್ಲಿಸಿದ. "ಇಲ್ಲಿವರೆಗೂ ಇಟ್ಕೋಬಹುದು. ಬೇಕಿದ್ರೆ." ಹುಡುಗಿಯ ಅಳು ಇರುತ್ತದೆ, ಮಂಡಿಯೂರುವ ನೆರಳಿರುತ್ತದೆ. ಮುಖ ಇರುವುದಿಲ್ಲ.

6

ಇಲ್ಲಿ ಲತಾಮಣಿ ನನ್ನತ್ತ ತಿರುಗಿದಳು.

"ಏನಮ್ಮಾ ಕಥೆ ಬರೆಯೋಳೇ, ನೀನೂ ಅವನ ಥರಾನೇ ಅಲ್ವಾ?"

"ನಾನೇನು ಮಾಡಿದೆ ಅಕ್ಕ?"

"ಇಷ್ಟುದ್ದ ಬರ್ದಿದೀಯ. ಬೆನ್ನು ಬರ್ದೆ, ಅಟ್ಟ ಬರ್ದೆ, ಗೊಂಬೆ ಮೀಸೇನೂ ಬರ್ದೆ. ನಮ್ಮೋರ ಮುಖ ಹೆಂಗೈತೆ ಅಂತ ಒಂದು ಲೈನ್ ಬರ್ದಿದೀಯಾ?"

ಹಿಂದಕ್ಕೆ ಹೋಗಿ ಓದಿ ನೋಡಿದೆ. ನಿಜ, ಬರೆದಿಲ್ಲ.

"ಕೊನೆಗೆ ಅಂತ ಇಟ್ಟುಕೊಂಡಿದ್ದೀನಿ."

"ಸಸ್ಪೆನ್ಸಾ?" ಎಂದಳು. ಅವಳು ನಗಲಿಲ್ಲ.

7, ಒಂದನೆಯ ಅಂತ್ಯ

ಮನೋಜನ ಮನಸ್ಸು ಕರಗುತ್ತದೆ. ಬಾಗಿಲು ತೆರೆಯುತ್ತದೆ. ಥಿಯೇಟರಿನ ತುಂಬ ಚಪ್ಪಾಳೆ.

(ಬರೆದೆ, ಅಳಿಸಿದೆ. ಮನೋಜ್ ಕೆಟ್ಟವನಲ್ಲ, ಆದರೆ ಕರಗುವವನೂ ಅಲ್ಲ.)

7, ಎರಡನೆಯ ಅಂತ್ಯ

ಶಾಟ್ ಹೋಗುತ್ತದೆ. ಪ್ರಾಣಿಯನ್ನು ತೋರಿಸದೇ ಗೆದ್ದ ನಿರ್ದೇಶಕ ಎಂದು ಎಲ್ಲರೂ ಹೊಗಳುತ್ತಾರೆ. ಸುಭಾಷ್ ಮನೆಯಲ್ಲಿ ಬಿಸಿನೀರಿನ ಬ್ಯಾಗ್ ಇಟ್ಟುಕೊಂಡು ಮಲಗಿರುತ್ತಾನೆ.

(ದಿನವೂ ನಡೆಯುವುದೇ ಇದು. ಇದಕ್ಕೆ ಕಥೆ ಬೇರೆ ಬೇಕೇ?)

7

ಜೆ.ಪಿ. ನಗರದ ಪುಟ್ಟ ಪ್ರಿವ್ಯೂ ಥಿಯೇಟರ್. ಮುಂದಿನ ಸಾಲಿನಲ್ಲಿ ಬೈರಣ್ಣ, ಅವರ ತೊಡೆಯ ಮೇಲೆ ಬಿಂದುಶ್ರೀ. ಮನೋಜ್ ಗೋಡೆಗೊರಗಿ ನಿಂತಿದ್ದಾನೆ. ಹಿಂದಿನ ಸಾಲಿನಲ್ಲಿ ಸುಭಾಷ್, ಅಂಗಿಯೊಳಗೆ ಬೆನ್ನಿನ ಬೆಲ್ಟ್. ಅವನಿಗೂ ಓಡಾಡುವ ದಾರಿಗೂ ನಡುವಿನ ಸೀಟಿನಲ್ಲಿ ಲತಾಮಣಿ.

ಒಂದು ಮಾತು ಒಪ್ಪಿಕೊಳ್ಳಲೇಬೇಕು: ಮನೋಜ್ ಹೇಳಿದ್ದು ಸರಿಯಾಗಿತ್ತು. ಕತ್ತಲಲ್ಲಿ ಬಾಲ ಸರಿದಾಗ, ಅದೇ ಬಾಲವನ್ನು ತೊಡೆಯ ಮೇಲಿಟ್ಟು ಹೊಲಿದಿದ್ದ ಲತಾಮಣಿಗೂ ಮೈ ಜುಮ್ಮೆಂದಿತು. ಬೈರಣ್ಣನವರೂ ನೆರಳಿನ ಲೆಕ್ಕ ಕೇಳಲಿಲ್ಲ.

ಆಮೇಲೆ ಆ ಶಾಟ್ ಬಂತು. ಪರದೆಯ ಮೇಲೆ ಹುಡುಗಿ ಅತ್ತಳು, ದೊಡ್ಡದೊಂದು ನೆರಳು ಬಗ್ಗಿತು, ಅಲ್ಲಿಗೆ ಶಾಟ್ ತುಂಡಾಯಿತು. ಬಾಗಿಲು ತೆರೆಯಲಿಲ್ಲ.

ತೊಡೆಯ ಮೇಲಿದ್ದ ಹುಡುಗಿ ಕೂಗಿದಳು.

"ತಾತಾ, ಒಳಗೆ ಅಂಕಲ್ ಇದ್ರು! ಅಂಕಲ್ ಎಲ್ಲಿ?"

"ಶ್, ಸಿನಿಮಾ ಕಣವ್ವ."

"ಅಂಕಲ್ ಇಲ್ಲ! ಬರೀ ಪ್ರಾಣಿ ಐತೆ!"

ಅವಳು ಬಿಕ್ಕಿ ಬಿಕ್ಕಿ ಅಳತೊಡಗಿದಳು. ಗೋಡೆಗೊರಗಿದ್ದ ಮನೋಜನ ಮುಖದಲ್ಲಿ ಮೊದಲ ಸಲ ನೆಮ್ಮದಿ ಕಂಡಿತು. ಭಯ ಕೆಲಸ ಮಾಡುತ್ತಿದೆ. ಹಿಂದಿನ ಸಾಲಿನಲ್ಲಿ ಸುಭಾಷನ ಕೈ ತಾನಾಗಿಯೇ ಎದೆಯ ಮುಂದಕ್ಕೆ ಹೋಗಿ ಏನನ್ನೋ ಸರಿಸಲು ನೋಡಿತು. ಸರಿಸಲು ಅಲ್ಲಿ ಬಟ್ಟೆಯಿರಲಿಲ್ಲ. ಮುಂದಿನ ಸೀಟು ಕೈಗೆ ಬಡಿಯಿತು.

ಈಗ ಅವನನ್ನು ಏಳಿಸಲೋ ಬೇಡವೋ? ಎದ್ದರೆ ಪರದೆಯ ಮೇಲೆ ಅವನ ನೆರಳು ಬೀಳುತ್ತದೆ, ಜನ ನಗುತ್ತಾರೆ, ಓನರ್ ಮಗನ ಎರಡು ವರ್ಷ ಆ ನಗುವಿನಲ್ಲಿ ಕೊಚ್ಚಿಹೋಗಬಹುದು. ಏಳದಿದ್ದರೆ ಮಗುವಿನ ಹೆದರಿಕೆ ಯಾವುದಕ್ಕೆ ಅಂಟಿಕೊಳ್ಳಬೇಕು? ಗೊಂಬೆ ಅಟ್ಟದ ಮೇಲಿದೆ. ಥಿಯೇಟರಿನ ಮೆಟ್ಟಿಲುಗಳು ಕಡಿದಾಗಿವೆ, ಡಾಕ್ಟರು ಬಗ್ಗಬೇಡಿ ಎಂದಿದ್ದಾರೆ. ನಿಮಗಾದರೂ ಗೊತ್ತಿದ್ದರೆ ಹೇಳಿ. ನನ್ನ ಕೈಲಿ ಆಗುತ್ತಿಲ್ಲ. ಇಲ್ಲಿಗೆ ಬಿಡುತ್ತೇನೆ.

"ಬಿಡ್ಬೇಡ" ಎಂದಳು ಲತಾಮಣಿ. "ಅವರ ಮುಖ ಬಾಕಿ ಐತೆ."

ಸರಿ. ಗೊಂಬೆಯ ಬಿದಿರು ಉಜ್ಜಿ ಉಜ್ಜಿ ಸುಭಾಷನ ಎಡಹುಬ್ಬಿನ ಮೇಲೆ ಕೂದಲು ಬೆಳೆಯದ ಒಂದು ಗೆರೆಯಿದೆ. ಇಷ್ಟೇ ಬರೆಯುತ್ತೇನೆ. ಉಳಿದದ್ದನ್ನು ನೋಡಬೇಕಾದವಳು ಮುಂದಿನ ಸಾಲಿನಲ್ಲಿದ್ದಾಳೆ.

ಅವಳಿನ್ನೂ ಅಳುತ್ತಿದ್ದಾಳೆ. ಲತಾಮಣಿ ಗಂಡನತ್ತ ನೋಡದೆಯೇ ಎರಡೂ ಕಾಲುಗಳನ್ನು ಪಕ್ಕಕ್ಕೆ ಮಡಚಿ ದಾರಿ ಬಿಟ್ಟಿದ್ದಾಳೆ.