ವಸುಧಮ್ಮನ ಪುಡಿ

ಸಂಜೆ ದೀಪ ಹಚ್ಚಿ ಮೀನು ಸಾರಿನ ಪಾತ್ರೆ ಇಳಿಸುವ ಹೊತ್ತಿಗೆ ಸೇವಂತಿಯ ಒಂದು ಕಿವಿ ಟಿವಿಯ ಕಡೆ ಇರುತ್ತಿತ್ತು. ಧಾರಾವಾಹಿಯ ಹಾಡು ಶುರುವಾದರೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಾ ಬಂದು ಚಾಪೆಯ ಮೇಲೆ ಕೂರುವಳು. ಗಂಡ ಬೆಳ್ಯಪ್ಪ ಗುತ್ತಿಗಾರಿನಿಂದ ನೆಟ್ಟಣ ರೈಲು ಸ್ಟೇಷನ್ನಿಗೆ ಜೀಪು ಬಾಡಿಗೆ ಹೊಡೆಯುತ್ತಿದ್ದ. ತಾನು ಇಂಥದ್ದೆಲ್ಲ ನೋಡುವುದಿಲ್ಲ ಎಂದು ಸ್ಟ್ಯಾಂಡಿನಲ್ಲಿ ಹೇಳಿಕೊಂಡು ತಿರುಗುವ ಮನುಷ್ಯ, ಬಾಡಿಗೆ ಸಿಕ್ಕಿ ತಡವಾದ ದಿನ ಮೆಟ್ಟಿಲಲ್ಲೇ ಕೇಳುತ್ತಿದ್ದ: "ಎಂತಾಯ್ತು, ಆ ಸೊಸೆಯನ್ನು ಮನೆಗೆ ಕರ್ಕೊಂಡ್ರಾ?"

ಧಾರಾವಾಹಿಯ ಅತ್ತೆಯ ಹೆಸರು ವಸುಧಮ್ಮ. ಗದರುವ ಅತ್ತೆಯಲ್ಲ, ತನ್ನ ನೋವನ್ನು ನುಂಗಿ ಮನೆಯನ್ನು ನಡೆಸುವವಳು. ಮಗಳು ಪ್ರಣೀತಾ ಮದುವೆಯಾಗಿ ಪುತ್ತೂರಿಗೆ ಹೋದಮೇಲೆ ಸೇವಂತಿಗೆ ಸಂಜೆಯಲ್ಲಿ ಜೊತೆ ಎಂದರೆ ಅವಳೇ. ವಸುಧಮ್ಮ ಅತ್ತ ದಿನ ಸೇವಂತಿಗೆ ಊಟ ಸೇರುತ್ತಿರಲಿಲ್ಲ.

ಒಂದು ವಾರದ ಕಂತಿನಲ್ಲಿ ವಸುಧಮ್ಮ ಅಡುಗೆಮನೆಯಲ್ಲಿ ತಲೆತಿರುಗಿ ಬಿದ್ದಳು. ಶುಗರ್ ಎಂದು ಗೊತ್ತಾಯಿತು. ಮಕ್ಕಳು ಅತ್ತರು, ಡಾಕ್ಟರು ಸೂಜಿ ಬರೆದರು. ಆಮೇಲೆ ಸೊಸೆ ಎಲ್ಲಿಂದಲೋ ಹಸಿರು ಡಬ್ಬಿಯೊಂದನ್ನು ತಂದು, ಬಿಸಿನೀರಿಗೆ ಪುಡಿ ಕಲಸಿ ಅತ್ತೆಯ ಬಾಯಿಗೆ ಹಿಡಿದಳು. ಹದಿನೈದು ದಿನಗಳ ಕಂತುಗಳಲ್ಲಿ ವಸುಧಮ್ಮ ಹುಷಾರಾದಳು. ಇನ್ಸುಲಿನ್ನಿನ ಸೂಜಿಗಳನ್ನು ಕಸದ ಡಬ್ಬಿಗೆ ಹಾಕಿ ದೇವರಿಗೆ ಕೈಮುಗಿದಳು. ಪರದೆಯ ಕೆಳಗೆ ಫೋನ್ ನಂಬರು ಹರಿಯುತ್ತಿತ್ತು.

ಬೆಳ್ಯಪ್ಪನಿಗೂ ಶುಗರ್ ಇತ್ತು. ಬೆಳಿಗ್ಗೆ ಸಂಜೆ ಸೇವಂತಿಯೇ ಅವನ ಹೊಟ್ಟೆಗೆ ಇನ್ಸುಲಿನ್ ಚುಚ್ಚಬೇಕು. ಎಷ್ಟು ವರ್ಷ ಚುಚ್ಚಿದರೂ ಅವಳ ಕೈ ನಡುಗುವುದು ನಿಂತಿರಲಿಲ್ಲ. ಕೆಲವು ದಿನ ಸೂಜಿಯಾದ ಮೇಲೆ ತಿಂಡಿ ತಡವಾದರೆ ಅವನು ಬೆವೆತು, ಸ್ಟಿಯರಿಂಗ್ ಹಿಡಿಯಲಾರದೆ ಜೀಪನ್ನು ಬದಿಗೆ ನಿಲ್ಲಿಸಿದ್ದೂ ಉಂಟು.

ಸೇವಂತಿ ಆ ನಂಬರಿಗೆ ಫೋನ್ ಮಾಡಿ ಡಬ್ಬಿ ತರಿಸಿದ ವಾರವೇ ಪ್ರಣೀತಾ ತವರಿಗೆ ಬಂದಿದ್ದಳು. ಅಡುಗೆಮನೆಯ ಹಲಗೆಯ ಮೇಲೆ ಅದನ್ನು ಕಂಡು ಕೇಳಿದಳು.

"ಅವ್ವಾ, ಇದೆಂತ? ಟಿವಿಯ ಜಾಹೀರಾತು ನೋಡಿ ತರಿಸಿದ್ದಾ?"

"ಜಾಹೀರಾತು ಮಧ್ಯದಲ್ಲಿ ಬರುದು. ಇದು ಕಥೆಯಲ್ಲೇ ಬಂದದ್ದು."

"ಕಥೆಯಲ್ಲಿ ಬರ್ಲಿಕ್ಕೂ ಅವರು ದುಡ್ಡು ಕೊಡ್ತಾರೆ ಅವ್ವಾ. ಆ ಹೆಂಗಸಿಗೆ ಶುಗರ್ ಉಂಟೋ ಇಲ್ವೋ ಯಾರಿಗೆ ಗೊತ್ತು? ಅಪ್ಪನ ಇನ್ಸುಲಿನ್ ಮಾತ್ರ ನಿಲ್ಲಿಸ್ಬೇಡ."

ಸೇವಂತಿಗೆ ಸಿಟ್ಟು ಬಂತು. "ಅವಳು ದಿನಾ ನಮ್ಮ ಮನೆಗೆ ಬರ್ತಾಳೆ. ನೀನು ಬರುದು ದೀಪಾವಳಿಗೆ. ಸೂಜಿ ಚುಚ್ಚುವ ಕೈ ನಂದು, ನಿಂದಲ್ಲ."

ಬೆಳ್ಯಪ್ಪ ಜಗಲಿಯಿಂದಲೇ ಮಗಳಿಗೆ ಹೇಳಿದ. "ಸೂಜಿ ಅಂದ್ರೆ ಸಾಯುವವರೆಗೆ. ಇದು ಮೂರು ತಿಂಗಳು. ಒಂದು ಸಲ ನೋಡುವ, ಬಿಡು."

ಮರುದಿನ ಬಸ್ಸು ಹತ್ತುವಾಗ ಪ್ರಣೀತಾ ಅಪ್ಪನ ಕೈ ಹಿಡಿದು, ತಿಂಗಳಿಗೊಮ್ಮೆ ರಕ್ತ ಪರೀಕ್ಷೆಯನ್ನಾದರೂ ಮಾಡಿಸಿ ಎಂದಳು. ಅವನು ಆಯ್ತು ಎಂದ. ಮಾಡಿಸಲಿಲ್ಲ.

ಇನ್ಸುಲಿನ್ ನಿಂತಿತು. ಅದರ ಜೊತೆ ಬೆವರೂ ನಡುಕವೂ ನಿಂತವು. ಗುಣವೆಂದರೆ ಇದೇ ಎಂದು ಇಬ್ಬರೂ ನಂಬಿದರು. ಎರಡನೆಯ ಸಲ ಡಬ್ಬಿಗೆ ಫೋನ್ ಮಾಡಿದಾಗ ಆ ಕಡೆಯ ಹುಡುಗಿ, "ನಿಮ್ಮ ಅನುಭವವನ್ನು ಟಿವಿಯಲ್ಲಿ ಹೇಳ್ತೀರಾ ಅಮ್ಮಾ? ವಸುಧಮ್ಮನ ಕಂತಿನ ಮಧ್ಯದಲ್ಲೇ ಬರ್ತದೆ" ಎಂದು ಕೇಳಿದಳು. ಸೇವಂತಿಗೆ ಆ ರಾತ್ರಿ ನಿದ್ದೆ ಹತ್ತಲಿಲ್ಲ.

ಕ್ಯಾಮೆರಾ ಹೊತ್ತ ಇಬ್ಬರು ಮಂಗಳೂರಿನಿಂದ ಬಂದರು. ಸೇವಂತಿ ಮಗಳ ಮದುವೆಯ ಸೀರೆ ಉಟ್ಟು ತುಳಸಿಕಟ್ಟೆಯ ಪಕ್ಕ ನಿಂತಳು. ಇವರಿಗೆ ಈಗ ಸುಸ್ತಿಲ್ಲ, ಸೂಜಿ ಬಿಟ್ಟಿದ್ದೇವೆ ಎಂದು ತನಗೆ ತಿಳಿದಷ್ಟು ಹೇಳಿದಳು. ಕ್ಯಾಮೆರಾದವನು ತಲೆ ಎತ್ತಿದ.

"ಶುಗರ್ ನಾರ್ಮಲ್ ಆಗಿದೆ ಅಂತ ಒಂದು ಮಾತು ಸೇರಿಸಿ ಅಮ್ಮಾ."

"ನೋಡ್ಸಿಲ್ಲ ಇನ್ನು."

"ಹುಷಾರಿದ್ದಾರಲ್ಲ? ನಾರ್ಮಲ್ಲೇ ಇರ್ತದೆ. ಹೇಳಿ, ಆಮೇಲೆ ನೋಡಿಸಿದ್ರಾಯ್ತು."

ಸೇವಂತಿ ಒಂದು ಕ್ಷಣ ಗಂಡನ ಮುಖ ನೋಡಿದಳು. ಅವನು ಹೇಳು ಎಂಬಂತೆ ನಕ್ಕ. ಅವಳು ಹೇಳಿದಳು. ಅವರು ಚಾಚಿದ ಕಾಗದಕ್ಕೆ ಸಹಿಯನ್ನೂ ಹಾಕಿದಳು.

ಅದು ಟಿವಿಯಲ್ಲಿ ಬಂದ ಮರುದಿನ ಗುತ್ತಿಗಾರಿನ ಪೇಟೆಯಲ್ಲಿ ಸೇವಂತಿಗೆ ನಡೆಯಲಾಗಲಿಲ್ಲ. ದಿನಸಿ ಅಂಗಡಿಯಲ್ಲಿ, ಹಾಲಿನ ಡೈರಿಯಲ್ಲಿ, ಬಸ್ಸಿನಲ್ಲಿ ಎಲ್ಲರೂ ತಡೆದು ಕೇಳುವವರೇ. ಭಜನಾ ಮಂದಿರದ ಹತ್ತಿರದ ದೇವಕಿಯಕ್ಕ ಮನೆಯವರೆಗೆ ಬಂದು ನಂಬರು ಬರೆದುಕೊಂಡು ಹೋದರು. "ಟಿವಿಯಲ್ಲಿ ಬರುವವರನ್ನು ನಂಬುದು ಕಷ್ಟ ಮಾರಾಯ್ತಿ. ನಿನ್ನನ್ನಾದ್ರೆ ನಂಬಬಹುದು" ಎಂದರು. ಊರವರ ಬಾಯಲ್ಲಿ ಅದಕ್ಕೆ ವಸುಧಮ್ಮನ ಪುಡಿ ಎಂದೇ ಹೆಸರಾಯಿತು.

ಮಳೆ ಬಿಟ್ಟ ಮೇಲೆ ಬೆಳ್ಯಪ್ಪ ಹೊಸ ಚಪ್ಪಲಿ ಕೊಂಡ. ಅದು ಎಡಗಾಲಿನ ಬೆರಳಿನ ಬುಡವನ್ನು ಕಚ್ಚಿತ್ತು. ಅವನಿಗೆ ಗೊತ್ತಾಗಲಿಲ್ಲ. ಪಾದ ಜೋಮು ಹಿಡಿದು ಬಹಳ ಕಾಲವಾಗಿತ್ತು. ಬಚ್ಚಲಿನಲ್ಲಿ ಸೇವಂತಿಯೇ ಗಾಯ ಕಂಡು ಅರಶಿನ ಹಚ್ಚಿದಳು. ಗಾಯ ಆರಲಿಲ್ಲ. ಸುತ್ತ ಕಪ್ಪಾಯಿತು. ಬೆಳ್ಯಪ್ಪನಿಗೆ ದಿನವಿಡೀ ಬಾಯಾರಿಕೆ, ಕಣ್ಣು ಮಂಜು. ಅವಳು ಪುಡಿಯನ್ನು ಒಂದು ಚಮಚದ ಬದಲು ಎರಡು ಹಾಕತೊಡಗಿದಳು. ಗಾಯದಿಂದ ವಾಸನೆ ಬರತೊಡಗಿದ ಮೇಲೆ ಜೀಪು ಸ್ಟ್ಯಾಂಡಿನ ಗೆಳೆಯ, ಆಟೋದ ಸಿದ್ದೀಕ್, ಯಾರನ್ನೂ ಕೇಳದೆ ಅವನನ್ನು ಎತ್ತಿ ಕೂರಿಸಿಕೊಂಡು ಸುಳ್ಯಕ್ಕೆ ಹೊರಟ. ಸುಳ್ಯದವರು ಮಂಗಳೂರಿಗೆ ಕಳಿಸಿದರು.

ದೊಡ್ಡ ಡಾಕ್ಟರು ರಿಪೋರ್ಟು ನೋಡಿ, "ಇನ್ಸುಲಿನ್ ಯಾಕೆ ನಿಲ್ಲಿಸಿದ್ದು?" ಎಂದರು.

ಸೇವಂತಿ ಗಂಡನ ಕಡೆ ತಿರುಗಿದಳು. ಜ್ವರದಲ್ಲಿ ಮಲಗಿದ್ದ ಬೆಳ್ಯಪ್ಪ ಕಣ್ಣು ಬಿಡದೆ ಹೇಳಿದ. "ನಾನೇ ನಿಲ್ಲಿಸಿದ್ದು ಡಾಕ್ಟ್ರೇ. ಇವಳಿಗೆ ಗೊತ್ತಿಲ್ಲ."

ಎಡಗಾಲನ್ನು ಮೊಣಕಾಲಿನ ಕೆಳಗೆ ತೆಗೆದರು. ಕ್ಲಚ್ಚು ಒತ್ತುವ ಕಾಲು. ಇನ್ನು ಅವನಿಗೆ ಜೀಪು ಇರಲಿಲ್ಲ.

ವಾರ್ಡಿನ ಗೋಡೆಯಲ್ಲಿ ಒಂದು ಟಿವಿ ಇತ್ತು. ಆಪರೇಷನ್ ಆಗಿ ಕೆಲವು ದಿನಗಳ ಬಳಿಕ ಒಂದು ಸಂಜೆ ಅದರಲ್ಲಿ ವಸುಧಮ್ಮ ಬಂದಳು. ಅವಳ ಕಾಯಿಲೆಯ ಕಥೆ ಎಂದೋ ಮುಗಿದಿತ್ತು. ಈಗ ಕಿರಿಮಗನ ಮದುವೆಯ ಗಲಾಟೆ. ಲಾಡು ಕಟ್ಟುತ್ತಾ, ಒಂದನ್ನು ಬಾಯಿಗೂ ಹಾಕಿಕೊಂಡಳು. ಬಳಿಕ ಜಾಹೀರಾತಿನಲ್ಲಿ ಅವರದೇ ತುಳಸಿಕಟ್ಟೆ ಕಾಣಿಸಿತು, ಮಗಳ ಮದುವೆಯ ಸೀರೆ ಕಾಣಿಸಿತು. "ಈಗ ಇವರಿಗೆ ಶುಗರ್ ನಾರ್ಮಲ್" ಎಂದು ಪರದೆಯ ಮೇಲಿನ ಸೇವಂತಿ ವಾರ್ಡಿನ ರೋಗಿಗಳಿಗೆಲ್ಲ ಹೇಳಿದಳು.

ಪಕ್ಕದ ಮಂಚದ ರೋಗಿಯ ಹೆಂಡತಿ ಟಿವಿ ನೋಡಿ, ಇವಳನ್ನು ನೋಡಿ, ಮತ್ತೆ ಟಿವಿ ನೋಡಿದಳು. "ಅದು ನೀವೇ ಅಲ್ವಾ?"

"ಅಲ್ಲ. ನಾನಲ್ಲ" ಎಂದಳು ಸೇವಂತಿ. ಎದ್ದು ಹೋಗಿ ನಲ್ಲಿ ಬಿಟ್ಟುಕೊಂಡು ಬಹಳ ಹೊತ್ತು ಅಲ್ಲೇ ನಿಂತಳು.

ಪ್ರಣೀತಾ ತಾಯಿಯನ್ನು ಬೈಯಲಿಲ್ಲ. ಕಂಪನಿಗೆ ಫೋನ್ ಮಾಡಿದಳು, ಜಾಹೀರಾತು ನಿಲ್ಲಿಸಿ ಎಂದಳು. ಆ ಕಡೆಯವನು ತುಂಬ ಮರ್ಯಾದೆಯಿಂದ ಮಾತಾಡಿದ. "ನಿಮ್ಮ ತಾಯಿ ಒಪ್ಪಿ ಸಹಿ ಹಾಕಿದ್ದಾರೆ ಮೇಡಂ, ಒಂದು ವರ್ಷ ನಾವು ಹಾಕಬಹುದು. ಫಲಿತಾಂಶ ಎಲ್ಲರಿಗೂ ಒಂದೇ ಆಗಿರುವುದಿಲ್ಲ ಅಂತ ಕೆಳಗೆ ಬರೆದಿರುತ್ತೇವೆ. ಪಥ್ಯ ಸರಿಯಾಗಿ ಮಾಡಿದ್ರಾ ನಿಮ್ಮ ತಂದೆ?" ಪ್ರಣೀತಾ ಆರೋಗ್ಯ ಇಲಾಖೆಗೆ ದೂರು ಕೊಟ್ಟಳು. ಪರಿಶೀಲಿಸುತ್ತೇವೆ ಎಂಬ ಉತ್ತರ ಬಂತು. ಜಾಹೀರಾತು ಬರುತ್ತಲೇ ಇತ್ತು.

ಮನೆಗೆ ಬಂದ ಮೇಲೆ ಬೆಳ್ಯಪ್ಪ ಒಳಕೋಣೆ ಬಿಟ್ಟು ಹೊರಬರಲಿಲ್ಲ. ಕೇಳಿದವರಿಗೆ, ಜೀಪು ತಾಗಿ ಕಾಲಿಗೆ ಪೆಟ್ಟಾಗಿದೆ ಎಂದು ಹೇಳಲು ಅವನೇ ಹೇಳಿಕೊಟ್ಟ. ಸೇವಂತಿ ಹಾಗೆಯೇ ಹೇಳಿದಳು. ಯಾರಾದರೂ ಬಂದರೆ ಅವನು ಸೊಂಟದವರೆಗೆ ಹೊದಿಕೆ ಎಳೆದುಕೊಳ್ಳುತ್ತಿದ್ದ. ಟಿವಿಯ ವಯರನ್ನು ಸೇವಂತಿ ಕಿತ್ತಿಟ್ಟಿದ್ದಳು. ಆದರೆ ಸಂಜೆಯಾದರೆ ಕೆಳಗಿನ ಮನೆಯಿಂದ ಆ ಹಾಡು ಕೇಳುತ್ತಿತ್ತು. ಹಾಡಿನ ಬಳಿಕ ಯಾರು ಮಾತಾಡುತ್ತಾರೆಂದು ಇಬ್ಬರಿಗೂ ಗೊತ್ತಿತ್ತು.

ಗಾಯದ ಡ್ರೆಸ್ಸಿಂಗಿಗೆ ಸಿದ್ದೀಕನ ಆಟೋದಲ್ಲಿ ಸುಳ್ಯಕ್ಕೆ ಹೋಗಿ ಬರುವಾಗ ಒಂದು ದಿನ ಸಿದ್ದೀಕ್ ಹೇಳಿದ. "ದೇವಕಿಯಕ್ಕನಿಗೆ ಸ್ವಲ್ಪ ಹುಷಾರಿಲ್ಲಂತೆ. ಪಾದದಲ್ಲಿ ಎಂತದೋ ಗುಳ್ಳೆ ಎದ್ದಿದೆಯಂತೆ."

ಭಜನಾ ಮಂದಿರ ಹತ್ತಿರ ಬಂದಾಗ ಸೇವಂತಿ, "ಅವರ ಗೇಟಿನ ಹತ್ತಿರ ನಿಲ್ಸಿ ಸಿದ್ದೀಕ್" ಎಂದಳು.

ಬೆಳ್ಯಪ್ಪನಿಗೆ ಅರ್ಥವಾಯಿತು. "ನಾನು ಇಳಿಯುದಿಲ್ಲ."

"ನೀವು ಇಳಿಯುದು ಬೇಡ. ನಾನು ಹೇಳಿ ಬರ್ತೇನೆ."

ದೇವಕಿಯಕ್ಕ ಜಗಲಿಯಲ್ಲಿ ಕಾಲು ಚಾಚಿ ಕೂತಿದ್ದರು. ಪಾದಕ್ಕೆ ಬಿಳಿ ಬಟ್ಟೆ ಸುತ್ತಿತ್ತು. ಸೇವಂತಿ ನಿಂತುಕೊಂಡೇ ಹೇಳಿದಳು.

"ಆ ಪುಡಿ ಬಿಡಿ ದೇವಕಿಯಕ್ಕ. ಇವತ್ತೇ ಡಾಕ್ಟರ ಹತ್ತಿರ ಹೋಗಿ. ನಾನು ಟಿವಿಯಲ್ಲಿ ಹೇಳಿದ್ದು ಸುಳ್ಳು. ಶುಗರ್ ನೋಡ್ಸದೆ ನಾರ್ಮಲ್ ಅಂತ ಹೇಳಿದೆ."

ದೇವಕಿಯಕ್ಕ ನಕ್ಕರು. ಕೆಟ್ಟ ನಗುವಲ್ಲ, ಮಗುವಿನ ಮಾತಿಗೆ ನಗುವಂತೆ. "ಎಂತ ಸೇವಂತಿ, ನಿನ್ನೆಯೂ ಟಿವಿಯಲ್ಲಿ ಬಂದು ಹೇಳಿದ್ದಿಯಲ್ಲ. ನಾನೇ ನೋಡಿದ್ದೇನೆ. ಬೆಳ್ಯಪ್ಪನಿಗೆ ಪೆಟ್ಟಾದದ್ದಕ್ಕೆ ನೀನು ಬೇಜಾರಲ್ಲಿದ್ದಿ, ಪಾಪ. ನನಗೆ ಪುಡಿ ಒಳ್ಳೆದಾಗಿದೆ. ಸುಸ್ತಿಲ್ಲ, ಸೂಜಿ ಇಲ್ಲ."

"ಇವರಿಗೂ ಹಾಗೇ ಇತ್ತು ದೇವಕಿಯಕ್ಕ."

"ನೀನು ಕೂತ್ಕೋ ಮೊದಲು. ಬೆಲ್ಲ ನೀರು ಕುಡಿ."

ಟಿವಿಯ ಸೇವಂತಿ ಚೆಂದದ ಸೀರೆ ಉಟ್ಟಿದ್ದಳು, ನಗುತ್ತಿದ್ದಳು, ದಿನವೂ ಬರುತ್ತಿದ್ದಳು. ಎದುರು ನಿಂತವಳ ಕೂದಲು ಕೆದರಿತ್ತು, ಮೈಯಲ್ಲಿ ಆಸ್ಪತ್ರೆಯ ವಾಸನೆ ಇತ್ತು. ತನ್ನನ್ನು ತಾನೇ ಸೋಲಿಸಲು ಅವಳಿಂದ ಆಗಲಿಲ್ಲ.

ಹಿಂದೆ ಅಂಗಳದ ಜಲ್ಲಿಕಲ್ಲಿನ ಮೇಲೆ ಸದ್ದಾಯಿತು. ಸಿದ್ದೀಕನ ಹೆಗಲಿಗೆ ಒಂದು ಕೈ ಹಾಕಿ, ಇನ್ನೊಂದು ಕಂಕುಳಲ್ಲಿ ಊರುಗೋಲು ಸಿಕ್ಕಿಸಿಕೊಂಡು ಬೆಳ್ಯಪ್ಪ ಬರುತ್ತಿದ್ದ. ಗೇಟಿನಿಂದ ಜಗಲಿಗೆ ಬರಲು ಅವನಿಗೆ ಬಹಳ ಹೊತ್ತು ಹಿಡಿಯಿತು. ಸೇವಂತಿ ಓಡಿ ಹೋಗಿ ಹಿಡಿಯಲಿಲ್ಲ. ಹಿಡಿಯಬಾರದೆಂದು ಅವಳಿಗೆ ಹೇಗೋ ತಿಳಿಯಿತು.

ಅವನು ಜಗಲಿಯ ಅಂಚಿನಲ್ಲಿ ಕೂತು ಉಸಿರು ತಿರುಗಿಸಿಕೊಂಡ. ಆಮೇಲೆ ಪಂಚೆಯನ್ನು ಮೊಣಕಾಲಿನವರೆಗೆ ಎತ್ತಿ, ಹಾಗೆಯೇ ಹಿಡಿದುಕೊಂಡ.

"ಪೆಟ್ಟಾದದ್ದಲ್ಲ ದೇವಕಿಯಕ್ಕ. ಚಪ್ಪಲಿ ಕಚ್ಚಿದ್ದು. ಅಷ್ಟೇ ಗಾಯ."

ದೇವಕಿಯಕ್ಕ ನೋಡಿದರು. ಕಣ್ಣು ಬೇರೆ ಕಡೆ ತಿರುಗಿಸಿದರು, ಮತ್ತೆ ನೋಡಿದರು. ತಮ್ಮ ಕಾಲಿನ ಬಟ್ಟೆಯನ್ನು ಕೈಯಿಂದ ಮುಟ್ಟಿದರು. ಒಳಗಿನಿಂದ ಗಂಡ ಕೃಷ್ಣಮೋಹನರು ಬಂದವರು ಬಾಗಿಲಲ್ಲೇ ನಿಂತುಬಿಟ್ಟರು.

"ಈಗ ಹೊರಟರೆ ಸುಳ್ಯದಲ್ಲಿ ಡಾಕ್ಟರು ಸಿಗ್ತಾರಾ?" ಎಂದು ದೇವಕಿಯಕ್ಕ ಸಿದ್ದೀಕನನ್ನು ಕೇಳಿದರು. ಅವರ ದನಿ ಸಣ್ಣದಾಗಿತ್ತು.

"ಸಿಗ್ತಾರೆ ಅಕ್ಕ. ಇವರನ್ನು ಮನೆಗೆ ಬಿಟ್ಟು ಈಗ ಬಂದೆ."

ಆಟೋ ರಸ್ತೆಗೆ ಬಂತು. ಬೆಳ್ಯಪ್ಪನ ಹಣೆಯಲ್ಲಿ ಬೆವರು ಇಳಿಯುತ್ತಿತ್ತು. ಅವನು ಪಂಚೆಯನ್ನು ಸರಿ ಮಾಡಿಕೊಂಡು ಕೇಳಿದ.

"ಮತ್ತೆ ಯಾರೆಲ್ಲ ನಿನ್ನ ಹತ್ತಿರ ನಂಬರು ತಕ್ಕೊಂಡಿದ್ದಾರೆ?"

ಡೈರಿಯವರು, ಅಂಗಡಿಯವರ ತಾಯಿ, ಬಸ್ಸಿನಲ್ಲಿ ಕೇಳಿದ ಹೆಸರು ಗೊತ್ತಿಲ್ಲದ ಆ ಹೆಂಗಸು. ಸೇವಂತಿ ಒಬ್ಬೊಬ್ಬರನ್ನೇ ನೆನೆಯುತ್ತಾ ಹೋದಳು.

"ತುಂಬ ಜನ ಉಂಟು" ಎಂದಳು.

"ನಾಳೆಯಿಂದ ಹೋಗುವ" ಎಂದ ಬೆಳ್ಯಪ್ಪ. "ನಾನೂ ಬರ್ತೇನೆ."